ಗಾಯಾಳುವಿನ ತೂಕ: ತಕ್ಕಡಿಗೆ ಕಾಣದ ಲೆಕ್ಕ

ತೀವ್ರವಾಗಿ ಗಾಯಗೊಂಡು ನಿಗಾ ಘಟಕದಲ್ಲಿ ಮಲಗಿರುವ ಸ್ಥೂಲಕಾಯದ ರೋಗಿಯ ಮನೆಯವರಿಂದ ನಾನು ವೃತ್ತಿಜೀವನದುದ್ದಕ್ಕೂ ಕೇಳುತ್ತ ಬಂದಿರುವ ಮಾತೊಂದಿದೆ: "ಮೈಯಲ್ಲಿ ಬೇಕಾದಷ್ಟು ಇದೆಯಲ್ಲ ಡಾಕ್ಟ್ರೇ, ನಾಲ್ಕು ದಿನ ಊಟ ಹೋಗದಿದ್ದರೂ ತಡೆದುಕೊಳ್ಳುತ್ತಾರೆ." ಸಣಕಲು ದೇಹದವರ ಮನೆಯವರ ಆತಂಕ ಇದಕ್ಕೆ ತದ್ವಿರುದ್ಧವಾದದ್ದು. ಎರಡನೆಯವರ ಆತಂಕ ನಿಜ. ಮೊದಲನೆಯವರ ಸಮಾಧಾನ ಸುಳ್ಳು. ಆ ಸಮಾಧಾನವನ್ನು ಮನೆಯವರಷ್ಟೇ ಅಲ್ಲ, ನಮ್ಮ ವೃತ್ತಿಯವರಲ್ಲಿಯೂ ಕೆಲವರು ಒಳಗೊಳಗೇ ನಂಬಿರುತ್ತಾರೆ.

ಆರೋಗ್ಯವಂತ ಮನುಷ್ಯ ಉಪವಾಸವಿದ್ದಾಗ ಅವನ ದೇಹ ಕೆಲವೇ ದಿನಗಳಲ್ಲಿ ಕೊಬ್ಬಿನ ಉರುವಲಿಗೆ ಹೊಂದಿಕೊಂಡು ಸ್ನಾಯುಗಳನ್ನು ಆದಷ್ಟು ಉಳಿಸಿಕೊಳ್ಳುತ್ತದೆ. ಗಾಯಗೊಂಡ ದೇಹಕ್ಕೆ ಈ ವಿವೇಕವಿರುವುದಿಲ್ಲ. ಒತ್ತಡದ ಹಾರ್ಮೋನುಗಳಾದ ಕಾರ್ಟಿಸೋಲ್, ಅಡ್ರಿನಲಿನ್, ಗ್ಲುಕಗಾನ್‌ಗಳ ಮಟ್ಟ ಏರುತ್ತದೆ, ಉರಿಯೂತ ಮೈಯೆಲ್ಲ ಹರಡುತ್ತದೆ, ಇನ್ಸುಲಿನ್‌ನ ಮಾತು ನಡೆಯುವುದಿಲ್ಲ. ಗಾಯ ಮಾಯಲು, ಸೋಂಕನ್ನು ಎದುರಿಸಲು ಮತ್ತು ಯಕೃತ್ತಿನಲ್ಲಿ ಸಕ್ಕರೆ ತಯಾರಾಗಲು ಬೇಕಾದ ಅಮೈನೋ ಆಮ್ಲಗಳು, ಎಂದರೆ ಪ್ರೋಟೀನಿನ ಬಿಡಿಭಾಗಗಳು, ಕೊಬ್ಬಿನಿಂದ ಸಿಗುವಂಥವಲ್ಲವಾದ್ದರಿಂದ ದೇಹವು ಸ್ನಾಯುವಿಗೇ ಕೈಹಾಕುತ್ತದೆ. ಸ್ಕಾಟ್ಲೆಂಡಿನ ಡೇವಿಡ್ ಕತ್‌ಬರ್ಟ್‌ಸನ್ 1930ರ ದಶಕದಲ್ಲಿ ಕಾಲಿನ ಮೂಳೆ ಮುರಿದವರ ಮೂತ್ರದಲ್ಲಿನ, ಪ್ರೋಟೀನ್ ಒಡೆದಾಗ ಹೊರಬೀಳುವ ಸಾರಜನಕವನ್ನು ಅಳೆದಾಗ, ಪೆಟ್ಟು ಬಿದ್ದ ಕಾಲೊಂದರಿಂದಲೇ ಅಷ್ಟು ನಷ್ಟವಾಗಲು ಸಾಧ್ಯವಿಲ್ಲ, ಇಡೀ ದೇಹದ ಸ್ನಾಯು ಕರಗುತ್ತಿದೆ ಎಂಬುದು ಗೊತ್ತಾಯಿತು. ಒಂದು ಗ್ರಾಂ ಸಾರಜನಕ ಹೊರಹೋದರೆ ಸುಮಾರು 30 ಗ್ರಾಂ ಸ್ನಾಯು ಹೋಯಿತೆಂದು ಲೆಕ್ಕ. ತೀವ್ರ ಗಾಯದ ನಂತರ ದಿನವೊಂದಕ್ಕೆ 15ರಿಂದ 20 ಗ್ರಾಂ ಸಾರಜನಕ ನಷ್ಟವಾಗುವುದು ಅಪರೂಪವೇನಲ್ಲ. ಎಂದರೆ ದಿನಕ್ಕೆ ಅರ್ಧ ಕಿಲೋ ಸ್ನಾಯು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ನಿಗಾ ಘಟಕದ ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡ್‌ನಿಂದ ಅಳೆದು, ಹತ್ತೇ ದಿನಗಳಲ್ಲಿ ಅದರ ಅಡ್ಡಳತೆಯ ವಿಸ್ತೀರ್ಣ ಸುಮಾರು ಶೇ. 18ರಷ್ಟು ಕುಗ್ಗಿದ್ದನ್ನು ದಾಖಲಿಸಿತು. ದಪ್ಪಗಿರುವವರಲ್ಲಿ ಇದು ಕೊಬ್ಬಿನ ಪದರದ ಅಡಿಯಲ್ಲಿ ನಡೆಯುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ತಕ್ಕಡಿಗೂ ಬೀಳುವುದಿಲ್ಲ. ಮೊದಲ ದಿನಗಳಲ್ಲಿ ರಕ್ತದೊತ್ತಡವನ್ನು ಕಾಯಲು ಕೊಟ್ಟ ಡ್ರಿಪ್‌ಗಳ ನೀರು ಅಂಗಾಂಶಗಳಲ್ಲಿ ನಿಂತು ಮುಖ, ಕೈಕಾಲುಗಳು ಬಾತುಕೊಳ್ಳುತ್ತವೆ. ಸ್ನಾಯು ಕರಗುತ್ತಿದ್ದರೂ ತೂಕ ಏರಿರುತ್ತದೆ. ಆಮೇಲೆ ಬಾವು ಇಳಿದಾಗ "ಒಂದೇ ವಾರದಲ್ಲಿ ಎಷ್ಟು ಸೊರಗಿಬಿಟ್ಟರು" ಎಂದು ಮನೆಯವರು ಗಾಬರಿಯಾಗುತ್ತಾರೆ. ಸೊರಗಿದ್ದು ಆ ವಾರದಲ್ಲಲ್ಲ, ಅದಕ್ಕೂ ಮೊದಲು.

ತೂಕ ಹೆಚ್ಚಿರುವವರ ಚಿಕಿತ್ಸೆಯಲ್ಲಿ ತಪ್ಪುಗಳು ಹೇಗೆ ನುಸುಳುತ್ತವೆ ಎಂಬುದನ್ನು ತೋರಿಸಲು 170 ಸೆಂಟಿಮೀಟರ್ ಎತ್ತರದ, 110 ಕಿಲೋ ತೂಕದ ಪುರುಷನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಮೈ ತೂಕ ಹೆಚ್ಚಾದಂತೆ ಶ್ವಾಸಕೋಶ ಬೆಳೆಯುವುದಿಲ್ಲವಾದ್ದರಿಂದ ವೆಂಟಿಲೇಟರ್ ಒಂದು ಬಾರಿಗೆ ಒಳಗೆ ತಳ್ಳುವ ಗಾಳಿಯನ್ನು ಅವನ ಎತ್ತರದಿಂದ ಲೆಕ್ಕ ಹಾಕಿದ 66 ಕಿಲೋಗೆ, ಕಿಲೋಗೆ 6 ಮಿಲಿಲೀಟರ್‌ನಂತೆ, ಸುಮಾರು 400 ಮಿಲಿಲೀಟರ್ ಎಂದು ನಿಗದಿಮಾಡಬೇಕು. ತಕ್ಕಡಿಯ ತೂಕವನ್ನೇ ಹಿಡಿದರೆ ಅದು 660 ಆಗಿ ಶ್ವಾಸಕೋಶಕ್ಕೇ ಗಾಯವಾಗುತ್ತದೆ. ರಕ್ತದ ವಿಷಯವೂ ಹಾಗೆಯೇ: ಕಿಲೋಗೆ 70 ಮಿಲಿಲೀಟರ್ ಎಂಬ ರೂಢಿಯ ಲೆಕ್ಕದಂತೆ ಅವನಲ್ಲಿ 7.7 ಲೀಟರ್ ರಕ್ತವಿರಬೇಕು, ಆದರೆ ಕೊಬ್ಬಿನಲ್ಲಿ ರಕ್ತನಾಳಗಳು ವಿರಳವಾದ್ದರಿಂದ ನಿಜವಾಗಿ ಇರುವುದು ಆರು ಲೀಟರ್‌ಗೂ ತುಸು ಕಡಿಮೆ. ಎರಡು ಲೀಟರ್ ರಕ್ತಸ್ರಾವ ಅವನಿಗೆ ನಾವು ಎಣಿಸಿದ್ದಕ್ಕಿಂತ ದೊಡ್ಡ ಪೆಟ್ಟು. ಇತ್ತ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಚುಚ್ಚುಮದ್ದಿಗೆ ಮಾತ್ರ ಅವನ ನಿಜವಾದ ತೂಕವನ್ನೇ ಗಣಿಸಬೇಕಾಗುತ್ತದೆ. ಎಲ್ಲರಿಗೂ ಕೊಡುವ ಪ್ರಮಾಣ ಅವನಿಗೆ ಸಾಲದೆ ಹೋಗಬಹುದು. ಒಬ್ಬನೇ ಮನುಷ್ಯ, ಒಂದೊಂದು ಕೆಲಸಕ್ಕೆ ಒಂದೊಂದು ತೂಕ.

ಇದರ ಮೇಲೆ, ಅಂಗಾತ ಮಲಗಿದಾಗ ಹೊಟ್ಟೆಯ ಭಾರ ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯನ್ನು) ಮೇಲಕ್ಕೊತ್ತುವುದರಿಂದ ಶ್ವಾಸಕೋಶದ ಕೆಳಭಾಗ ಮುದುಡಿಕೊಂಡು ನ್ಯುಮೋನಿಯಾಗೆ ದಾರಿಯಾಗುತ್ತದೆ. ಶಸ್ತ್ರಚಿಕಿತ್ಸೆಯ ಗಾಯದಲ್ಲಿ ಸೋಂಕು ಕೂಡ ಇಂಥವರಲ್ಲಿ ಹೆಚ್ಚು. ಅಪಘಾತದಲ್ಲಿ ಹೊಟ್ಟೆಯ ಕೊಬ್ಬು ಒಳಗಿನ ಅಂಗಗಳಿಗೆ ಮೆತ್ತೆಯಂತೆ ಒದಗುತ್ತದೆಂದು ಕೆಲವು ಅಧ್ಯಯನಗಳು ಹೇಳುವುದು ನಿಜವೇ. ಆದರೆ ಆ ಉಪಕಾರ ಢಿಕ್ಕಿಯ ಕ್ಷಣಕ್ಕೆ ಮಾತ್ರ.

ಹಾಗಿದ್ದರೆ ಅವನಿಗೆ ಎಷ್ಟು ಆಹಾರ ಕೊಡಬೇಕು? ಅಮೆರಿಕದ ವೈದ್ಯಕೀಯ ಸಂಘಟನೆಗಳ 2016ರ ಮಾರ್ಗಸೂಚಿಯ ಪ್ರಕಾರ ಅವನ ನಿಜವಾದ ತೂಕದ ಪ್ರತಿ ಕಿಲೋಗೆ 11ರಿಂದ 14 ಕ್ಯಾಲರಿ, ಅಂದರೆ ದಿನಕ್ಕೆ ಸುಮಾರು 1,200ರಿಂದ 1,500 ಕ್ಯಾಲರಿ. ಆದರೆ ಪ್ರೋಟೀನ್ ಮಾತ್ರ ಎತ್ತರಕ್ಕೆ ತಕ್ಕ ಆದರ್ಶ ತೂಕದ (ಆ 66 ಕಿಲೋದ) ಪ್ರತಿ ಕಿಲೋಗೆ 2 ಗ್ರಾಂ, ಅಂದರೆ 130 ಗ್ರಾಂಗೂ ಹೆಚ್ಚು. ಕ್ಯಾಲರಿಯಲ್ಲಿ ಬಿಗಿ, ಪ್ರೋಟೀನಿನಲ್ಲಿ ಧಾರಾಳ ಎಂಬ ಈ ತತ್ವವನ್ನು ನಾನು ಒಪ್ಪುತ್ತೇನೆ, ಆದರೆ ಕಣ್ಣುಮುಚ್ಚಿಕೊಂಡು ಅಲ್ಲ. ಕೃತಕ ಉಸಿರಾಟದಲ್ಲಿದ್ದವರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಹೆಚ್ಚುವರಿ ಪ್ರೋಟೀನಿನಿಂದ ಲಾಭ ಕಾಣಲಿಲ್ಲ. ಮೂತ್ರಪಿಂಡಕ್ಕೆ ಹಾನಿಯಾಗಿದ್ದವರಲ್ಲಿ ಕೇಡೇ ಆಗಿರಬಹುದೆಂಬ ಸುಳಿವು ಸಿಕ್ಕಿತು. ಸ್ನಾಯುವಿಗೆ ಕೆಲಸವನ್ನೇ ಕೊಡದೆ ಕೇವಲ ಪ್ರೋಟೀನ್ ಸುರಿದರೆ ಅದು ಸ್ನಾಯುವಾಗುವುದಿಲ್ಲ ಎಂಬುದು ಇಲ್ಲಿ ನನ್ನ ಅಭಿಪ್ರಾಯ. ಹಾಸಿಗೆಯ ಅಂಚಿನಲ್ಲಿ ಎಬ್ಬಿಸಿ ಕೂರಿಸುವ ಫಿಸಿಯೋಥೆರಪಿಸ್ಟ್ ಇಲ್ಲದಿದ್ದರೆ ಆಹಾರತಜ್ಞರ ಅರ್ಧ ಶ್ರಮ ವ್ಯರ್ಥ.

ತೀರಾ ಸಣ್ಣಗಿರುವವರ ಕಷ್ಟ ನೇರವಾದದ್ದು: ಕಳೆದುಕೊಳ್ಳಲು ಸ್ನಾಯುವೇ ಇಲ್ಲ, ಮೂಳೆ ಚಾಚಿದ ಕಡೆ ಹಾಸಿಗೆ ಹುಣ್ಣು ಬೇಗ ಆಗುತ್ತದೆ, ಕೆಮ್ಮಿ ಕಫ ತೆಗೆಯುವ ಶಕ್ತಿ ಬೇಗ ಸೋಲುತ್ತದೆ. ಅಂಥವರಿಗೆ ಅನುಕಂಪದಿಂದ ಮೊದಲ ದಿನವೇ ಪೂರ್ತಿ ಆಹಾರ ಕೊಡುವುದೂ ಅಪಾಯಕಾರಿ. ಬಹಳ ಕಾಲ ಹಸಿದ ದೇಹಕ್ಕೆ ಒಮ್ಮೆಲೇ ಪೋಷಣೆ ಸಿಕ್ಕಾಗ ರಕ್ತದಲ್ಲಿನ ಫಾಸ್ಫೇಟ್ ಮತ್ತು ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ಏರುಪೇರಾಗಬಹುದು. ಎರಡನೆಯ ಮಹಾಯುದ್ಧದ ಸೆರೆಯಿಂದ ಬಿಡುಗಡೆಯಾದವರಲ್ಲಿ ಇದನ್ನು ವೈದ್ಯರು ಕಂಡಿದ್ದರು.

ತುಸು ದಪ್ಪಗಿರುವವರೇ ನಿಗಾ ಘಟಕದಿಂದ ಹೆಚ್ಚು ಸಂಖ್ಯೆಯಲ್ಲಿ ಬದುಕಿ ಹೊರಬರುತ್ತಾರೆ ಎಂಬ ವರದಿಗಳನ್ನು ಓದುಗರು ನೋಡಿರಬಹುದು. ಈ ಲೆಕ್ಕಗಳೆಲ್ಲ ನಿಂತಿರುವುದು ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಬಿಎಂಐ ಎಂಬ ಸೂಚ್ಯಂಕದ ಮೇಲೆ, ಆದರೆ ಅದಕ್ಕೆ ಸ್ನಾಯು ಯಾವುದು, ಕೊಬ್ಬು ಯಾವುದು ಎಂದು ಗೊತ್ತಾಗುವುದಿಲ್ಲ. ಬಿಎಂಐ 27 ಇರುವವರಲ್ಲಿ ಗಟ್ಟಿಮುಟ್ಟಾದವರೂ ಇರುತ್ತಾರೆ, 20 ಇರುವವರಲ್ಲಿ ಕಾಯಿಲೆಯಿಂದ ಇಳಿದುಹೋದವರೂ ಸೇರಿರುತ್ತಾರೆ. ಬೆನ್ನುಹುರಿಗೆ ಪೆಟ್ಟಾದವರಲ್ಲಂತೂ ಕೆಲಸವಿಲ್ಲದ ಸ್ನಾಯುವಿನ ಜಾಗವನ್ನು ಕೊಬ್ಬು ತುಂಬಿಕೊಳ್ಳುವುದರಿಂದ, ಅವರಿಗೆ ಬೊಜ್ಜಿನ ಗೆರೆಯನ್ನು 30ರ ಬದಲು 22ಕ್ಕೇ ಎಳೆಯಬೇಕೆಂಬ ಸಲಹೆಯಿದೆ. ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವರ ಬಿಎಂಐ ನೋಡುವಾಗ, ಹೋದ ಭಾಗ ದೇಹದ ತೂಕದ ಸುಮಾರು ಶೇ. 6 ಎಂಬುದನ್ನು ಮರೆಯುವ ವರದಿಗಳನ್ನು ನಾನು ಈಗಲೂ ನೋಡುತ್ತೇನೆ.

ಮನೆಗೆ ಹೋದ ಮೇಲೆ ತೂಕ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಒಂದು ಕಾಲನ್ನು ನೆಲಕ್ಕೆ ಊರದೆ ಊರುಗೋಲಿನಲ್ಲಿ ನಡೆಯುವವರ ಇಡೀ ಭಾರವನ್ನು ಪ್ರತಿ ಹೆಜ್ಜೆಗೂ ಕೈ, ಭುಜಗಳೇ ಹೊರಬೇಕು. ಕೃತಕ ಕಾಲಿನ ಬಟ್ಟಲು (ಉಳಿದ ಕಾಲು ಕೂರುವ ಭಾಗ) ಮೈತೂಕ ಕೆಲವೇ ಕಿಲೋ ಹೆಚ್ಚುಕಡಿಮೆಯಾದರೂ ಒತ್ತುತ್ತದೆ ಅಥವಾ ಸಡಿಲವಾಗುತ್ತದೆ. ಹೀಗಾಗಿ ತೂಕ ಇಳಿಸಿಕೊಳ್ಳಿ ಎಂಬ ಸಲಹೆ ಸಹಜವಾಗಿಯೇ ಬರುತ್ತದೆ, ಆದರೆ ಬಹಳ ಸಲ ಬೇಗ ಬರುತ್ತದೆ. ಮೂಳೆ ಕೂಡುವ ಮುನ್ನ, ಗಾಯ ಮಾಯುವ ಮುನ್ನ ಹಿಡಿದ ಪಥ್ಯದಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವೂ ಇಳಿಯುತ್ತದೆ. ಮರುತಪಾಸಣೆಗೆ ಬಂದವರನ್ನು ನಾನು ತಕ್ಕಡಿಯ ಬಳಿಗೆ ಕಳುಹಿಸುವ ಮೊದಲು, ಮುರಿತ ಅಡ್ಡಿಯಾಗದಿದ್ದರೆ, ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ, ತಗಲಿದ ಸೆಕೆಂಡುಗಳನ್ನು ಬರೆದುಕೊಳ್ಳುತ್ತೇನೆ. ಆ ಸಂಖ್ಯೆ ಇಳಿಯುತ್ತಿದ್ದರೆ ತೂಕ ಎರಡು ಕಿಲೋ ಏರಿದ್ದಕ್ಕೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ.