ಮೊದಲು ಗೋಡೆ, ಆಮೇಲೆ ಹೆಸರು: ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾ ಓದುವವರಿಗೆ ಟಿಪ್ಪಣಿ

ಗ್ರಾಮ್ ಬಣ್ಣ ಹಾಕಿದಾಗ ನೇರಳೆಯಾಗಿ ಉಳಿಯುವ ಬ್ಯಾಕ್ಟೀರಿಯಾ ಗ್ರಾಮ್ ಪಾಸಿಟಿವ್, ಪಿಂಕ್ ಆಗುವುದು ಗ್ರಾಮ್ ನೆಗೆಟಿವ್. ಗ್ರಾಮ್ ನೆಗೆಟಿವ್ ಪಾಠ ತೆರೆದ ಕೂಡಲೇ ಹೆಸರುಗಳ ಸಾಲು ಎದುರಾಗುತ್ತದೆ. ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್, ಸಾಲ್ಮೊನೆಲ್ಲಾ, ವಿಬ್ರಿಯೊ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕನ್ನಡದಲ್ಲೇ ವಿಜ್ಞಾನ ಓದಿ ಲ್ಯಾಬ್ ಟೆಕ್ನಾಲಜಿಗೆ ಬಂದ ನಮಗೆ ಪುಸ್ತಕ ಇಂಗ್ಲಿಷಿನದ್ದು, ವಿವರಣೆ ಹೆಚ್ಚಾಗಿ ಮಲಯಾಳದ್ದು. ಮೊದಲ ವರ್ಷ ನಾನು ಎಲ್ಲವನ್ನೂ ಉರು ಹೊಡೆದೆ. ಪರೀಕ್ಷೆ ಮುಗಿದು ಎರಡು ವಾರಕ್ಕೆ ಎಲ್ಲ ಮರೆತುಹೋಯಿತು.

ಆಮೇಲೆ ತರಬೇತಿಯ ಪೋಸ್ಟಿಂಗ್ ಹೋದಲ್ಲಿ ಲ್ಯಾಬಿನ ಹಿರಿಯ ಚೇಚಿ (ಅಕ್ಕ) ಒಂದು ದಾರಿ ತೋರಿಸಿದರು. ಹೆಸರು ಕಲಿಯುವ ಮೊದಲು ಗೋಡೆಯ ಚಿತ್ರ ಬರೆಯಲು ಹೇಳಿದರು. ಸ್ಲೈಡಿನಲ್ಲಿ ಪಿಂಕ್ ಯಾಕೆ, ರೋಗಿಗೆ ಚಳಿಜ್ವರ ಯಾಕೆ, ಮದ್ದು ನಾಟದಿರುವುದು ಯಾಕೆ ಅಂತ ಪ್ರತಿ ಸಲ ಆ ಚಿತ್ರಕ್ಕೇ ಬೆರಳಿಟ್ಟು ಹೇಳುತ್ತಿದ್ದರು. ಈ ಟಿಪ್ಪಣಿಯೂ ಅದೇ ದಾರಿಯಲ್ಲಿ ಹೋಗುತ್ತದೆ.

ಗೋಡೆ ಹೇಗಿದೆ

ಬ್ಯಾಕ್ಟೀರಿಯಾದ ಗೋಡೆ ಪೆಪ್ಟಿಡೋಗ್ಲೈಕಾನ್ ಎಂಬ ಬಲೆಯಂಥ ವಸ್ತುವಿನದ್ದು. ಗ್ರಾಮ್ ಪಾಸಿಟಿವ್‌ಗಳಲ್ಲಿ ಇದು ಬಹಳ ದಪ್ಪ, ಸುಮಾರು 20ರಿಂದ 80 ನ್ಯಾನೋಮೀಟರ್. ನಮ್ಮೂರಿನ ಹಳೇ ಮನೆಗಳ ಮುರಕಲ್ಲಿನ ಗೋಡೆಯನ್ನು ನೆನಪಿಸಿಕೊಳ್ಳಿ. ಅದರ ಹೊರಗೆ ಇನ್ನೊಂದು ಪೊರೆ ಇಲ್ಲ.

ಗ್ರಾಮ್ ನೆಗೆಟಿವ್‌ನಲ್ಲಿ ಇದೇ ಪದರ ತೀರಾ ತೆಳು, ಕೆಲವೇ ನ್ಯಾನೋಮೀಟರ್. ಅದರ ಬದಲು ಹೊರಗೆ ಒಂದು ಕೊಬ್ಬಿನ ಪೊರೆ ಇದೆ. ಇದಕ್ಕೆ ಹೊರಪೊರೆ ಅನ್ನೋಣ. ಅಂದರೆ ಈ ಜೀವಕೋಶಕ್ಕೆ ಒಳಗೊಂದು, ಹೊರಗೊಂದು, ಹೀಗೆ ಎರಡು ಪೊರೆ. ನಡುವಿನ ಜಾಗ ಪೆರಿಪ್ಲಾಸಮ್. ತೆಳು ಗೋಡೆ ಇರುವುದು ಈ ನಡುವಿನ ಜಾಗದಲ್ಲೇ. ಹೊರಪೊರೆಯನ್ನು ಮನೆಯ ಪಾಗಾರ ಅಂದುಕೊಂಡರೆ ಪೆರಿಪ್ಲಾಸಮ್ ಅಂಗಳ. ಈ ಅಂಗಳವನ್ನು ನೆನಪಿಡಿ. ಮದ್ದುಗಳ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಕೊಬ್ಬಿನ ಪೊರೆಯೊಳಗೆ ನೀರಿನಲ್ಲಿ ಕರಗುವ ಆಹಾರ ಹೋಗುವುದು ಹೇಗೆ? ಅದಕ್ಕೆ ಪೋರಿನ್ ಎಂಬ ಪ್ರೊಟೀನಿನ ಕೊಳವೆಗಳಿವೆ. ಬಾಯಾರು, ಎಣ್ಮಕಜೆ ಕಡೆ ಗುಡ್ಡ ಕೊರೆದು ಮಾಡಿದ ಸುರಂಗ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗುಡ್ಡ ಗಟ್ಟಿ, ಆದರೆ ಸುರಂಗದಲ್ಲಿ ನೀರು ಬರುತ್ತದೆ. ಅಗಲ ಕಡಿಮೆಯಾದ್ದರಿಂದ ದೊಡ್ಡ ವಸ್ತು ಒಳಗೆ ಹೋಗುವುದಿಲ್ಲ. ಇ. ಕೋಲೈನ ಪೋರಿನ್‌ನಲ್ಲಿ ಸುಮಾರು 600 ಡಾಲ್ಟನ್ (ಅಣುವಿನ ತೂಕದ ಅಳತೆ) ತೂಕದವರೆಗಿನ ಅಣುಗಳು ನುಸುಳುತ್ತವೆ. ವ್ಯಾಂಕೋಮೈಸಿನ್ ಎಂಬ ಆಂಟಿಬಯೋಟಿಕ್ 1,400 ಡಾಲ್ಟನ್‌ಗಿಂತ ಜಾಸ್ತಿ. ಹಾಗಾಗಿ ಅದು ಹೊರಗೇ ಉಳಿಯುತ್ತದೆ. 'ವ್ಯಾಂಕೋಮೈಸಿನ್ ಗ್ರಾಮ್ ಪಾಸಿಟಿವ್‌ಗೆ ಮಾತ್ರ ಯಾಕೆ?' ಎಂಬ ವೈವಾ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಗಾತ್ರ ಒಂದನ್ನೇ ನೋಡಿದರೆ ಸಾಲದು. ಪೆನಿಸಿಲಿನ್ ಜಿ ಚಿಕ್ಕದಾದರೂ ಅದಕ್ಕೆ ನೀರು ತುಂಬಿದ ಈ ಸುರಂಗ ಒಗ್ಗುವುದಿಲ್ಲ. ಅದಕ್ಕೇ ಒಂದು ಅಮೈನೊ ಗುಂಪು ಸೇರಿಸಿದಂತಿರುವ ಆಂಪಿಸಿಲಿನ್, ಅಮಾಕ್ಸಿಸಿಲಿನ್ ಸುಲಭವಾಗಿ ಒಳಗೆ ಹೋಗುತ್ತವೆ.

ಹೊರಪೊರೆಯ ಹೊರಮೈಯಲ್ಲಿ ಲಿಪೊಪಾಲಿಸ್ಯಾಕರೈಡ್ ಇದೆ, ಚಿಕ್ಕದಾಗಿ ಎಲ್‌ಪಿಎಸ್. ಅದಕ್ಕೆ ಮೂರು ಭಾಗ. ಪೊರೆಯಲ್ಲಿ ಬೇರೂರಿರುವ ಲಿಪಿಡ್ ಎ, ನಡುವಿನ ಸಕ್ಕರೆಯ ತಿರುಳು, ಹೊರಗೆ ಚಾಚಿಕೊಂಡ ಓ ಆಂಟಿಜೆನ್ ಎಂಬ ಸಕ್ಕರೆಯ ಸರಪಳಿ. ವಿಷ ಇರುವುದು ಲಿಪಿಡ್ ಎ ಭಾಗದಲ್ಲಿ.

ಬಣ್ಣದ ಕಥೆ

ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ ಬ್ಯಾಕ್ಟೀರಿಯಾಗೆ ಬಣ್ಣ ಹಾಕುವ ಈ ವಿಧಾನವನ್ನು 1884ರಲ್ಲಿ ಪ್ರಕಟಿಸಿದರು. ಆಗ ಅವರು ಬರ್ಲಿನ್‌ನಲ್ಲಿ ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ತುಣುಕುಗಳನ್ನು ನೋಡುತ್ತಿದ್ದರು. ಅಂಗಾಂಶದ ನಡುವೆ ಬ್ಯಾಕ್ಟೀರಿಯಾ ಎದ್ದು ಕಾಣಬೇಕು ಎಂಬುದಷ್ಟೇ ಅವರ ಉದ್ದೇಶ. ಬ್ಯಾಕ್ಟೀರಿಯಾಗಳನ್ನು ಎರಡು ಪಂಗಡ ಮಾಡುವ ಯೋಚನೆ ಆಗ ಇರಲಿಲ್ಲ. ಪಿಂಕ್ ಬಣ್ಣ ಕೊಡುವ ಕೊನೆಯ ಹಂತವನ್ನು ಸೇರಿಸಿದ್ದು ನಂತರ ಬಂದವರು.

ಹಂತಗಳು ನಿಮಗೆ ಗೊತ್ತು. ಕ್ರಿಸ್ಟಲ್ ವಯೊಲೆಟ್ ಎಂಬ ನೇರಳೆ ಬಣ್ಣ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ, ಆಲ್ಕೋಹಾಲ್ ಅಥವಾ ಅಸಿಟೋನ್ ಕೆಲವೇ ಸೆಕೆಂಡು, ಕೊನೆಗೆ ಸಫ್ರಾನಿನ್ ಎಂಬ ಪಿಂಕ್ ಬಣ್ಣ. ಅಯೋಡಿನ್ ಯಾಕೆ ಅಂತ ಕೇಳಿದರೆ ನಾವೆಲ್ಲ 'ಮಾರ್ಡೆಂಟ್' (ಬಣ್ಣ ಕಚ್ಚಿಸುವ ವಸ್ತು) ಅಂತ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ನನಗೆ ಮೊದಲು ನೆನಪಾದದ್ದು ಅಡಿಕೆ ತೋಟಕ್ಕೆ ಮದ್ದು ಬಿಡುವುದು. ಮಳೆಗೆ ತೊಳೆದುಹೋಗದ ಹಾಗೆ ಬೋರ್ಡೋ ದ್ರಾವಣಕ್ಕೆ ರಾಳದ ಅಂಟು ಸೇರಿಸುತ್ತಾರೆ, ಅಲ್ವಾ? ಆದರೆ ಈ ಹೋಲಿಕೆ ಪೂರ್ತಿ ಸರಿಯಲ್ಲ. ಅಯೋಡಿನ್ ಅಂಟಿನಂತೆ ಹಿಡಿದಿಡುವುದಿಲ್ಲ. ವಯೊಲೆಟ್ ಜತೆ ಕೂಡಿ ಅದನ್ನು ದೊಡ್ಡ ಗಂಟಾಗಿಸುತ್ತದೆ. ಆಲ್ಕೋಹಾಲ್ ತಾಗಿದಾಗ ದಪ್ಪ ಗೋಡೆ ನೀರು ಕಳೆದುಕೊಂಡು ಬಿಗಿಯಾಗುತ್ತದೆ, ಗಂಟು ಒಳಗೇ ಸಿಕ್ಕಿಕೊಳ್ಳುತ್ತದೆ. ಗ್ರಾಮ್ ನೆಗೆಟಿವ್‌ನಲ್ಲಿ ಅದೇ ಆಲ್ಕೋಹಾಲ್ ಹೊರಪೊರೆಯ ಕೊಬ್ಬನ್ನು ಕರಗಿಸುತ್ತದೆ. ತೆಳು ಗೋಡೆಗೆ ಗಂಟನ್ನು ತಡೆಯುವ ಶಕ್ತಿ ಇಲ್ಲ. ನೇರಳೆ ಹೊರಟುಹೋಗುತ್ತದೆ, ಬಣ್ಣವಿಲ್ಲದ ಕೋಶ ಸಫ್ರಾನಿನ್ ಹೀರಿ ಪಿಂಕ್ ಆಗುತ್ತದೆ.

ಇಷ್ಟು ಅರ್ಥವಾದರೆ ತಪ್ಪುಗಳೂ ಅರ್ಥವಾಗುತ್ತವೆ. ಆಲ್ಕೋಹಾಲ್ ಜಾಸ್ತಿ ಹೊತ್ತು ಬಿಟ್ಟರೆ ಗ್ರಾಮ್ ಪಾಸಿಟಿವ್ ಕೂಡ ಪಿಂಕ್. ಹಳೇ ಕಲ್ಚರ್ ತೆಗೆದುಕೊಂಡರೆ ಗೋಡೆ ಸವೆದಿರುತ್ತದೆ, ಅದೂ ಪಿಂಕ್. ಸ್ಮಿಯರ್ (ಸ್ಲೈಡಿಗೆ ಸವರಿದ ಪದರ) ದಪ್ಪವಾದರೆ ನೆಗೆಟಿವ್ ಕೂಡ ನೇರಳೆಯಾಗಿಯೇ ಉಳಿಯುತ್ತದೆ. ಅಸಿನೆಟೊಬ್ಯಾಕ್ಟರ್ ಎಂಬ ಗ್ರಾಮ್ ನೆಗೆಟಿವ್ ಅಂತೂ ಹುಟ್ಟುಗುಣದಿಂದಲೇ ಬಣ್ಣವನ್ನು ಸುಲಭವಾಗಿ ಬಿಡುವುದಿಲ್ಲ. ಅನುಮಾನ ಬಂದರೆ ಒಂದು ಸುಲಭ ಪರೀಕ್ಷೆ ಇದೆ. ಸ್ಲೈಡಿನ ಮೇಲೆ 3% ಪೊಟ್ಯಾಶಿಯಮ್ ಹೈಡ್ರಾಕ್ಸೈಡ್‌ನ ಒಂದು ಹನಿ ಹಾಕಿ, ಅದರಲ್ಲಿ ಕಾಲೊನಿಯನ್ನು (ಪ್ಲೇಟಿನಲ್ಲಿ ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆ) ಕಲಸಿ, ಕಲಸಿದ ತಂತಿಯ ಲೂಪ್ ಎತ್ತಿ ನೋಡಿ. ಗ್ರಾಮ್ ನೆಗೆಟಿವ್ ಆದರೆ ಗೋಡೆ ಒಡೆದು ಡಿಎನ್‌ಎ ಹೊರಬರುತ್ತದೆ, ಬೆಲ್ಲದ ಪಾಕದಂತೆ ನೂಲು ಎಳೆಯುತ್ತದೆ.

ಚಳಿ ಯಾಕೆ ಬರುತ್ತದೆ

ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ಸಂಜೆ ನಮ್ಮ ಅಜ್ಜಿಗೆ ನಡುಕ ಶುರುವಾಯಿತು. ಮೂರು ಕಂಬಳಿ ಹೊದೆಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ನಾಲ್ಕು ದಿನದಿಂದ ಉರಿಮೂತ್ರ ಇತ್ತು, ನಮಗೆ ಹೇಳಿರಲಿಲ್ಲ. ಆಸ್ಪತ್ರೆಗೆ ತಲುಪುವಾಗ ಬಿಪಿ ಇಳಿದಿತ್ತು. ಮಾತು ತೊದಲುತ್ತಿತ್ತು. ಮೂತ್ರದಲ್ಲೂ ರಕ್ತದಲ್ಲೂ ಇ. ಕೋಲೈ ಬೆಳೆಯಿತು.

ಆ ರಾತ್ರಿ ನಾನು ಓದಿದ್ದ ಲಿಪಿಡ್ ಎ ನನಗೆ ಮೊದಲ ಸಲ ನಿಜವಾಗಿ ತಿಳಿಯಿತು. ಬ್ಯಾಕ್ಟೀರಿಯಾ ಸತ್ತು ಒಡೆದಾಗ ಎಲ್‌ಪಿಎಸ್ ರಕ್ತಕ್ಕೆ ಸೇರುತ್ತದೆ. ರೋಗಾಣುಗಳನ್ನು ನುಂಗುವ ನಮ್ಮ ಮ್ಯಾಕ್ರೊಫೇಜ್ ಕೋಶಗಳ ಮೇಲಿರುವ ಟಿಎಲ್‌ಆರ್-4 ಎಂಬ ಗ್ರಾಹಕ ಅದನ್ನು ಗುರುತಿಸುತ್ತದೆ. ಕೂಡಲೇ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಮುಂತಾದ ಸಂದೇಶಗಳು ಹೊರಡುತ್ತವೆ. ಸ್ವಲ್ಪವೇ ಆದರೆ ಜ್ವರ ಬಂದು ದೇಹಕ್ಕೆ ಸಹಾಯವೇ ಆಗುತ್ತದೆ. ಜಾಸ್ತಿಯಾದರೆ ರಕ್ತನಾಳಗಳು ಸಡಿಲವಾಗುತ್ತವೆ, ನೀರು ಸೋರುತ್ತದೆ, ಬಿಪಿ ಕುಸಿಯುತ್ತದೆ, ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಇದೇ ಸೆಪ್ಟಿಕ್ ಶಾಕ್. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಬರೀ ಗಲಿಬಿಲಿ ಮಾತೂ ಇದರ ಲಕ್ಷಣವಾಗಬಹುದು.

ಎಂಡೋಟಾಕ್ಸಿನ್ ಅಂದರೆ ಇದೇ ಎಲ್‌ಪಿಎಸ್. ಅದು ಹೊರಪೊರೆಯ ಭಾಗ. ಎಕ್ಸೋಟಾಕ್ಸಿನ್ ಅಂದರೆ ಬ್ಯಾಕ್ಟೀರಿಯಾ ತಯಾರಿಸಿ ಹೊರಬಿಡುವ ಪ್ರೊಟೀನ್. 'ನೆಗೆಟಿವ್‌ಗೆ ಎಂಡೋ, ಪಾಸಿಟಿವ್‌ಗೆ ಎಕ್ಸೋ' ಅಂತ ಸುಮ್ನೆ ಬರೆದರೆ ಅಂಕ ಹೋಗುತ್ತದೆ. ಕಾಲರಾದ ವಿಬ್ರಿಯೊ ಗ್ರಾಮ್ ನೆಗೆಟಿವ್, ಆದರೆ ಅದರ ನೀರುಭೇದಿಗೆ ಕಾರಣ ಎಕ್ಸೋಟಾಕ್ಸಿನ್. ಅದನ್ನು 1959ರಲ್ಲಿ ಮೊಲದ ಕರುಳಿನಲ್ಲಿ ತೋರಿಸಿಕೊಟ್ಟವರು ಕಲ್ಕತ್ತದ ಶಂಭುನಾಥ ಡೇ. ಅವರ ಹೆಸರು ನಮ್ಮ ಪಾಠದಲ್ಲಿ ಇನ್ನೂ ದೊಡ್ಡದಾಗಿ ಬರಬೇಕಿತ್ತು.

ಎಂಡೋಟಾಕ್ಸಿನ್ ಕಾಯಿಸಿದರೆ ಹೋಗುವುದಿಲ್ಲ. ಆಟೋಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಕಾಯಿಸಿದ) ದ್ರಾವಣದಲ್ಲಿ ಬ್ಯಾಕ್ಟೀರಿಯಾ ಸತ್ತಿರಬಹುದು, ಅವುಗಳ ಎಲ್‌ಪಿಎಸ್ ಹಾಗೇ ಇರುತ್ತದೆ. ಗಾಜಿನ ಸಾಮಾನಿನಿಂದ ಅದನ್ನು ತೆಗೆಯಲು 250 ಡಿಗ್ರಿ ಒಣಶಾಖ ಬೇಕು. ಡ್ರಿಪ್ ಬಾಟಲಿಗಳನ್ನು ಇದಕ್ಕಾಗಿ ಬೇರೆಯೇ ಪರೀಕ್ಷೆ ಮಾಡುತ್ತಾರೆ. ಹಾರ್ಸ್‌ಶೂ ಏಡಿಯ ರಕ್ತಕೋಶಗಳ ಸಾರ ಎಂಡೋಟಾಕ್ಸಿನ್ ತಾಗಿದರೆ ಹೆಪ್ಪುಗಟ್ಟುತ್ತದೆ. ಒಡಿಶಾದ ಕಡಲಲ್ಲೂ ಈ ಪ್ರಾಣಿ ಇದೆ.

ಮದ್ದು ನಾಟದಿರುವುದು

ಅಜ್ಜಿಯ ರಿಪೋರ್ಟಿನಲ್ಲಿ ಇನ್ನೊಂದು ಸಾಲು ಇತ್ತು: ಇಎಸ್‌ಬಿಎಲ್ ಪಾಸಿಟಿವ್. ಹಿಂದಿನ ಎರಡು ವರ್ಷ ಉರಿಮೂತ್ರ ಬಂದಾಗಲೆಲ್ಲ ಮನೆಯವರು ಚೀಟಿ ಇಲ್ಲದೆ ಅಂಗಡಿಯಿಂದ ಮಾತ್ರೆ ತಂದು ಕೊಟ್ಟಿದ್ದೆವು. ಉರಿ ಕಡಿಮೆಯಾದ ಕೂಡಲೇ ಉಳಿದದ್ದನ್ನು ಡಬ್ಬಿಯಲ್ಲಿಟ್ಟಿದ್ದೆವು. ಆ ಡಬ್ಬಿಯನ್ನು ನೋಡಿದರೆ ನನಗೆ ಈಗಲೂ ಬೇಜಾರಾಗುತ್ತದೆ.

ಈಗ ಆ ಅಂಗಳಕ್ಕೆ ಬನ್ನಿ. ಪೆನಿಸಿಲಿನ್ ವರ್ಗದ ಮದ್ದು ಸುರಂಗ ದಾಟಿ ಪೆರಿಪ್ಲಾಸಮ್‌ಗೆ ಬಂದಾಗ ಅಲ್ಲಿ ಬೀಟಾ ಲ್ಯಾಕ್ಟಮೇಸ್ ಎಂಬ ಕಿಣ್ವ ಕಾದಿರುತ್ತದೆ. ಜಾಗ ಇಕ್ಕಟ್ಟು, ಕಿಣ್ವ ಜಾಸ್ತಿ, ಮದ್ದು ಸ್ವಲ್ಪ ಸ್ವಲ್ಪವೇ ಬರುತ್ತದೆ. ಗುರಿ ತಲುಪುವ ಮೊದಲೇ ಮದ್ದಿನ ಅಣುವಿನಲ್ಲಿರುವ ಬೀಟಾ ಲ್ಯಾಕ್ಟಮ್ ಉಂಗುರ ಕತ್ತರಿಸಿಹೋಗುತ್ತದೆ. ಇಎಸ್‌ಬಿಎಲ್ ಅಂದರೆ ಸೆಫ್ಟ್ರಿಯಾಕ್ಸೋನ್‌ನಂಥ ಮೂರನೇ ಪೀಳಿಗೆಯ ಸೆಫಲೊಸ್ಪೊರಿನ್‌ಗಳನ್ನೂ ಕತ್ತರಿಸುವ ಕಿಣ್ವ. ಬೇರೆ ಉಪಾಯಗಳೂ ಇವೆ. ಸುರಂಗಗಳನ್ನು ಕಡಿಮೆ ಮಾಡುವುದು, ಒಳಗೆ ಬಂದದ್ದನ್ನು ಪಂಪ್ ಮಾಡಿ ಹೊರಹಾಕುವುದು. ಸ್ಯೂಡೊಮೊನಾಸ್ ಈ ಎರಡರಲ್ಲೂ ಪಳಗಿದೆ. ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೂಲಕ ಇಂಥ ಜೀನ್‌ಗಳು ಒಂದು ಜಾತಿಯಿಂದ ಇನ್ನೊಂದಕ್ಕೆ ದಾಟುತ್ತವೆ.

ಅಜ್ಜಿಗೆ ಮೆರೊಪೆನಮ್ ಇಂಜೆಕ್ಷನ್ ನಾಟಿತು, ಚೇತರಿಸಿಕೊಂಡರು. ಎಲ್ಲರಿಗೂ ಅದು ನಾಟುವುದಿಲ್ಲ. ಮೆರೊಪೆನಮ್ ಸೇರಿದ ಕಾರ್ಬಪೆನಮ್‌ ವರ್ಗದ ಮದ್ದುಗಳನ್ನೂ ಒಡೆಯುವ ಎನ್‌ಡಿಎಂ-1 ಕಿಣ್ವ ಪತ್ತೆಯಾದದ್ದು ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರ ಕ್ಲೆಬ್ಸಿಯೆಲ್ಲಾದಲ್ಲಿ, 2008ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೊಸ ಮದ್ದು ತುರ್ತಾಗಿ ಬೇಕಾದ ಬ್ಯಾಕ್ಟೀರಿಯಾಗಳ ಪಟ್ಟಿ ಮಾಡಿತು. ಅದರ ಮೇಲಿನ ವರ್ಗದಲ್ಲಿದ್ದ ಮೂರೂ ಗ್ರಾಮ್ ನೆಗೆಟಿವ್. ಕೇರಳ ಸರ್ಕಾರ 2018ರಲ್ಲಿ ಮದ್ದು ನಾಟದ ಈ ಸಮಸ್ಯೆಗಾಗಿ ರಾಜ್ಯಮಟ್ಟದ ಕ್ರಿಯಾ ಯೋಜನೆಯನ್ನೇ ತಂದಿತು.

ಇನ್ನು ಪ್ಲೇಟು, ರೋಗಗಳು

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಗ್ರಾಮ್ ಬಣ್ಣದ ಪಿಂಕ್ ಬೇರೆ, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಮ್ಯಾಕ್‌ಕಾಂಕಿ ಅಗಾರಿನ ಪಿಂಕ್ ಬೇರೆ. ಮ್ಯಾಕ್‌ಕಾಂಕಿಯಲ್ಲಿರುವ ಪಿತ್ತಲವಣ ಗ್ರಾಮ್ ಪಾಸಿಟಿವ್‌ಗಳನ್ನು ತಡೆಯುತ್ತದೆ. ಹೊರಪೊರೆ ಇರುವುದರಿಂದ ನೆಗೆಟಿವ್‌ಗಳು ಬೆಳೆಯುತ್ತವೆ. ಬೆಳೆದವುಗಳಲ್ಲಿ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಹುಳಿಯಿಸುವುದು ಮಾತ್ರ ಪಿಂಕ್: ಇ. ಕೋಲೈ, ಲೋಳೆಲೋಳೆಯಾದ ಕ್ಲೆಬ್ಸಿಯೆಲ್ಲಾ. ಸಾಲ್ಮೊನೆಲ್ಲಾ, ಶಿಗೆಲ್ಲಾ, ಸ್ಯೂಡೊಮೊನಾಸ್ ಸ್ಲೈಡಿನಲ್ಲಿ ಪಿಂಕ್, ಇಲ್ಲಿ ಬಣ್ಣವಿಲ್ಲ.

ರೋಗಗಳನ್ನು ಪುಸ್ತಕದಲ್ಲಿ ವಿವರವಾಗಿ ಓದಿ. ನಾನು ಕೆಲವನ್ನು ಮಾತ್ರ ಹೇಳುತ್ತೇನೆ. ಟೈಫಾಯ್ಡ್‌ನ ಮೊದಲ ವಾರದಲ್ಲಿ ವಿಡಾಲ್ (ರಕ್ತದ ಪ್ರತಿಕಾಯ ನೋಡುವ ಪರೀಕ್ಷೆ) ನಂಬಬೇಡಿ, ಬ್ಲಡ್ ಕಲ್ಚರ್ ಮಾಡಬೇಕು. ಗ್ರಾಮ್ ನೆಗೆಟಿವ್ ಅಂದರೆ ಎಲ್ಲ ಕಡ್ಡಿಯಾಕಾರ ಅಂದುಕೊಳ್ಳಬೇಡಿ. ಮೆದುಳುಪೊರೆಯ ಜ್ವರ ತರುವ ಮತ್ತು ಗೊನೋರಿಯಾ ತರುವ ನೈಸೀರಿಯಾಗಳು ಗುಂಡಗಿನ ಜೋಡಿಗಳು, ಎರಡು ಅಲಸಂಡೆ ಬೀಜ ಎದುರುಬದುರಾಗಿ ಇಟ್ಟ ಹಾಗೆ. ಸುಟ್ಟ ಗಾಯದ ಬ್ಯಾಂಡೇಜಿನಲ್ಲಿ ಹಸಿರು ಬಣ್ಣ ಕಂಡರೆ ಸ್ಯೂಡೊಮೊನಾಸ್ ನೆನಪಾಗಬೇಕು.

ಮಳೆಗಾಲದಲ್ಲಿ ನಮ್ಮ ಕಡೆ ಎರಡನ್ನು ಮರೆಯಬಾರದು. ಒಂದು ಇಲಿಜ್ವರ, ಇಲ್ಲಿನ ಮಲಯಾಳದಲ್ಲಿ ಎಲಿಪ್ಪನಿ. ತೋಟದ ಕಣಿಯಲ್ಲಿ, ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಬರುವುದು. ಅದನ್ನು ತರುವ ಲೆಪ್ಟೊಸ್ಪೈರಾಕ್ಕೆ ಎರಡು ಪೊರೆ ಇದೆ, ಎಲ್‌ಪಿಎಸ್ ಇದೆ. ಆದರೆ ತೀರಾ ಸಪೂರ, ಗ್ರಾಮ್ ಸ್ಲೈಡಿನಲ್ಲಿ ಕಾಣುವುದೇ ಇಲ್ಲ. ಕಪ್ಪು ಹಿನ್ನೆಲೆಯಲ್ಲಿ ತೋರಿಸುವ ಡಾರ್ಕ್ ಫೀಲ್ಡ್ ಸೂಕ್ಷ್ಮದರ್ಶಕ ಬೇಕು.

ಇನ್ನೊಂದು ಮೆಲಿಯಾಯ್ಡೋಸಿಸ್. ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಇದನ್ನು ಮೊದಲು ವಿವರಿಸಿದರು. ಬರ್ಖೋಲ್ಡೇರಿಯಾ ಸ್ಯೂಡೊಮ್ಯಾಲೈ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ನೀರಿನಲ್ಲಿ ಇರುತ್ತದೆ. ನಮ್ಮ ಕರಾವಳಿಯಲ್ಲೂ ಇದೆ. ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಜಾಸ್ತಿ. ಶ್ವಾಸಕೋಶಕ್ಕೆ ಬಂದರೆ ಕ್ಷಯದಂತೆಯೇ ಕಾಣುತ್ತದೆ, ಕ್ಷಯದ ಮಾತ್ರೆ ಕೊಟ್ಟು ತಿಂಗಳುಗಳು ಕಳೆದುಹೋಗುತ್ತವೆ. ಸ್ಲೈಡಿನಲ್ಲಿ ಕಡ್ಡಿಯ ಎರಡು ತುದಿ ಮಾತ್ರ ಬಣ್ಣ ಹಿಡಿದು, ಸೇಫ್ಟಿ ಪಿನ್ನಿನಂತೆ ಕಾಣುತ್ತದೆ. ಆಕ್ಸಿಡೇಸ್ ಎಂಬ ಕಿಣ್ವದ ಪರೀಕ್ಷೆ ಪಾಸಿಟಿವ್, ಜೆಂಟಾಮೈಸಿನ್ ನಾಟುವುದಿಲ್ಲ, ಕೊಲಿಸ್ಟಿನ್ ಕೂಡ ನಾಟುವುದಿಲ್ಲ. ಹೀಗೆ ಬಂದರೆ 'ಸ್ಯೂಡೊಮೊನಾಸ್ ಜಾತಿ' ಅಂತ ಬರೆದು ಮುಗಿಸಬೇಡಿ, ಹಿರಿಯರಿಗೆ ತೋರಿಸಿ. ಈ ಕಾಲೊನಿಗೆ ಹಸಿಮಣ್ಣಿನ ವಾಸನೆ ಇದೆ ಅಂತ ಕೇಳಿರುತ್ತೀರಿ. ಅದನ್ನು ನೋಡಲು ಪ್ಲೇಟಿನ ಮುಚ್ಚಳ ತೆಗೆದು ಮೂಸಬೇಡಿ. ಇದು ಉಸಿರಿನಿಂದಲೂ ಒಳಗೆ ಹೋಗುತ್ತದೆ. ಪ್ಲೇಟು ಮುಚ್ಚಿ, ಸುತ್ತ ಟೇಪ್ ಹಚ್ಚಿ, ಮುಂದಿನ ಕೆಲಸ ಸೇಫ್ಟಿ ಕ್ಯಾಬಿನೆಟ್ಟಿನ ಒಳಗೆ ಮಾಡಿ.