ಒಂದ ಪಿಎನ್ಆರ್, ನಾಕ ಮಂದಿ, ನಾಕ ದಿಕ್ಕು: ಮತ್ತ ಅದ ಪ್ರಶ್ನೆ

ಪ್ರಶ್ನೆ: ಗಂಡ ಹೆಂಡ್ತಿ, ಎರಡ ಮಕ್ಕಳು, ಬೆಳಗಾವಿಂದ ಬೆಂಗಳೂರಿಗೆ ಒಂದ ಪಿಎನ್ಆರ್ ಮ್ಯಾಲ ಟಿಕೆಟ್ ತಗಸೇವ್ರಿ. ವೆಬ್ ಚೆಕ್-ಇನ್ ಮಾಡಾಕ ಹೋದ್ರ ಒಂದೊಂದ ಸೀಟಿಗೂ ರೊಕ್ಕ ಕೇಳಾಕತ್ತೈತಿ. ಕೊಡದಿದ್ರ ನಾಕೂ ಮಂದಿನ್ನ ನಾಕ ಕಡೆ ಒಗೀತಾರಂತ. ಒಂದ ಪಿಎನ್ಆರ್ ಇದ್ದಮ್ಯಾಲ ಒಂದ ಕಡೆ ಕುಂಡ್ರಸ್ಬೇಕಲ್ರಿ? ರೊಕ್ಕ ಕೊಡಬೇಕೋ ಬ್ಯಾಡೋ?

ಉತ್ತರ: ಒಮ್ಮೆ ಗೋಕಾಕದಿಂದ ಬರ್ತೈತಿ, ಒಮ್ಮೆ ಜಮಖಂಡಿಂದ, ಒಮ್ಮೆ ಸಿಂದಗಿಂದ. ಊರ ಬ್ಯಾರೆ, ಹೆಸರ ಬ್ಯಾರೆ, ಪ್ರಶ್ನೆ ಮಾತ್ರ ಅದ. ಅಂಗಡ್ಯಾಗ ಟಿಕೆಟ್ ಪ್ರಿಂಟ್ ಕೊಡೋ ಮುಂದ ಹೇಳೇನಿ, ಫೋನ್‌ನ್ಯಾಗ ಹೇಳೇನಿ, ಲಗ್ನದ ಪಂಕ್ತ್ಯಾಗ ಕುಂತು ಹೋಳಿಗಿ ತಿನ್ನೋ ಮುಂದನೂ ಬಾಜೂದಾವ್ರಿಗೆ ಹೇಳೇನಿ. ಇನ್ನ ಮ್ಯಾಲ ಯಾರ ಕೇಳಿದ್ರೂ ಇದನ್ನ ಫಾರ್ವರ್ಡ್ ಮಾಡಿ ಸುಮ್ಮನಾಗೋದು ಅಂತ ಮಾಡೇನಿ.

ಮೊದ್ಲ ಸಣ್ಣ ಉತ್ತರ. ರೊಕ್ಕ ಕೊಡಲಿಕ್ಕೇ ಬೇಕಂತ ಇಲ್ಲ. ಸೀಟ ಆರಿಸದವ್ರಿಗೆ ಕಂಪ್ಯೂಟರ್ ತಾನ ಒಂದ ಸೀಟ ಕೊಡಬೇಕು, ಅದು ಡಿಜಿಸಿಎ (ಏರ್‌ಲೈನ್‌ಗಳ ಮ್ಯಾಲ ನಿಗಾ ಇಡೋ ಸರ್ಕಾರಿ ಸಂಸ್ಥೆ) ಸುತ್ತೋಲ್ಯಾಗನ ಐತಿ. ಸೀಟಿನ ನಕಾಶೆ ತಗದು ಎಲ್ಲಾ ಚೌಕದ ಮ್ಯಾಲೂ ದರ ಬರದಿರ್ತಾರಲ್ಲ, ಅದನ್ನ ನೋಡಿ ಮಂದಿ ಗಾಬರಿ ಆಗ್ತಾರ. ಗಾಬರಿ ಬ್ಯಾಡ, ತಳಗ ಎಲ್ಲರೆ ಒಂದ ಮೂಲ್ಯಾಗ ಕಣ್ಣಿಗೆ ಕಾಣ್ಲಾರದಂಗ ಸಣ್ಣ ಅಕ್ಷರದಾಗ ಸ್ಕಿಪ್ ಅಂತಿರ್ತೈತಿ, ಅದನ್ನ ಒತ್ರಿ. ನಿಮ್ಮ ಮಕ್ಕಳು 12 ವರ್ಷದೊಳಗಿನವು ಇದ್ರ ಅವಕ್ಕ ಅಪ್ಪನ ಬಾಜೂಕೋ ಅವ್ವನ ಬಾಜೂಕೋ ಸೀಟ ಕೊಡಬೇಕು. ಉಳದಾವ್ರದ್ದು ದೈವ.

ಇಷ್ಟ ಹೇಳಿದ್ರ ಮುಗೀಬೇಕಿತ್ತು. ಮುಗಿಯಂಗಿಲ್ಲ. ಯಾಕಂದ್ರ "ಒಂದ ಪಿಎನ್ಆರ್ ಐತಲ್ರಿ" ಅನ್ನೋ ಮಾತು ನಮ್ಮ ಮಂದಿ ತಲ್ಯಾಗ ಎಷ್ಟ ಗಟ್ಟಿ ಕುಂತೈತಿ ಅಂದ್ರ, ಓದಿದಾವ್ರು, ಇಂಜಿನಿಯರ್ ಆದಾವ್ರು, ವರ್ಷಕ್ಕ ನಾಕ ಸಲ ವಿಮಾನ ಹತ್ತಾವ್ರು ಸುದ್ದಾ ಕೌಂಟರ್ ಮುಂದ ನಿಂತು ಅದನ್ನ ಹೇಳ್ತಾರ. ಕೌಂಟರ್‌ನ್ಯಾಗಿನ ಹುಡುಗಿ ಪಾಪ ಏನ್ ಮಾಡಬೇಕು.

ಪಿಎನ್ಆರ್ ಅಂದ್ರ ಏನ ಐತಿ ಅದರಾಗ? ಅಕ್ಷರ ಅಂಕಿ ಕೂಡಿ ಆರ ಇರ್ತಾವ. ಆ ಆರರ ಹಿಂದ ಏರ್‌ಲೈನ್ ಕಂಪ್ಯೂಟರ್‌ನ್ಯಾಗ ಒಂದ ದಾಖಲೆ: ಯಾರ್ಯಾರ ಹೊಂಟಾರ, ಯಾವ ವಿಮಾನ, ಯಾವ ತಾರೀಖು, ರೊಕ್ಕ ತುಂಬ್ಯಾರೋ ಇಲ್ಲೋ, ಫೋನ್ ನಂಬರ್ ಏನು, ಊಟ ಹೇಳ್ಯಾರೇನು, ಗಾಲಿ ಕುರ್ಚಿ ಬೇಕಂದಾರೇನು. ಸೀಟು ಅದರೊಳಗ ಒಂದ ಖಾನೆ ಅಷ್ಟ. ನೀವ ತುಂಬಿದ್ರ ತುಂಬತೈತಿ, ಇಲ್ಲಾಂದ್ರ ಚೆಕ್-ಇನ್ ಆಗೋತನಕ ಖಾಲಿ. ನಾಕ ಹೆಸರು ಒಂದ ದಾಖಲ್ಯಾಗ ಅದಾವ ಅಂದ್ರ ನಾಕ ಮಂದಿ ಕೂಡೇ ಟಿಕೆಟ್ ತಗೊಂಡಾರ ಅಂತ ಅರ್ಥ, ಕೂಡೇ ಕುಂಡ್ರ್ತಾರ ಅಂತ ಅಲ್ಲ.

ಹಂಗಾದ್ರ ಈ ನಂಬಿಕಿ ಎಲ್ಲಿಂದ ಬಂತು? ನನ್ನ ಲೆಕ್ಕದಾಗ ರೈಲು ಬಸ್ಸಿನಿಂದ. ಬಾಗಲಕೋಟಿ, ವಿಜಯಪುರದಾವ್ರು ಗೋಲಗುಂಬಜ್ ಎಕ್ಸ್‌ಪ್ರೆಸ್‌ಗೆ ಟಿಕೆಟ್ ತಗಸ್ತಾರ, ಬೆಳಗಾವಿಯಾವ್ರು ಚನ್ನಮ್ಮ ಎಕ್ಸ್‌ಪ್ರೆಸ್‌ಗೆ. ಹತ್ತ ಅಂಕಿ ಪಿಎನ್ಆರ್ ಬರ್ತೈತಿ, ಕನ್ಫರ್ಮ್ ಆದ್ರ ಬೋಗಿ ನಂಬರ್ ಬರ್ತ್ ನಂಬರ್ ಎಲ್ಲಾ ಅಲ್ಲೇ ಬಂತು, ಅದಕ್ಕ ಬ್ಯಾರೆ ರೊಕ್ಕ ಇಲ್ಲ. ಸರ್ಕಾರಿ ಬಸ್ಸಿಂದೂ ಹಂಗ, ಮೊಬೈಲ್‌ನ್ಯಾಗ ಸೀಟ ಒತ್ತಿ ಆಮ್ಯಾಲ ರೊಕ್ಕ ಕಟ್ಟೋದು. ರಿಸರ್ವೇಶನ್ ಇಲ್ಲದ ಬಸ್ಸಿಗಂತೂ ಕಿಡಕ್ಯಾಗಿಂದ ಟಾವೆಲ್ ಒಗದ್ರ ಸೀಟು ನಮ್ದ ಆತು. ಹಿಂಗ ಬೆಳದ ಮಂದಿಗೆ ಟಿಕೆಟ್ ಬ್ಯಾರೆ ಸೀಟ ಬ್ಯಾರೆ ಅಂದ್ರ ಮೋಸ ಅನಸ್ತೈತಿ. ಅನಸೋದು ತಪ್ಪಲ್ಲ, ಆದ್ರ ವಿಮಾನದ ಟಿಕೆಟ್‌ನ್ಯಾಗ ಇರೋದು ಇಷ್ಟ: ಈ ಊರಿಂದ ಆ ಊರಿಗೆ ನಿಮ್ಮನ್ನ ಮುಟ್ಟಸ್ತೇವಿ. ಎಲ್ಲಿ ಕುಂಡ್ರಸಿ ಮುಟ್ಟಸ್ತೇವಿ ಅನ್ನೋದು ಅದರಾಗಿಲ್ಲ.

ಅಗ್ಗದ ಏರ್‌ಲೈನ್ ನಡೆಯೋದ ಹಿಂಗ. ಟಿಕೆಟ್ ದರ ತಳಗ ಇಟ್ಟು ಉಳದದ್ದೆಲ್ಲಾ ಬಿಡಿಬಿಡಿ ಮಾರೋದು. ಇಷ್ಟದ ಸೀಟಿಗೆ, ಊಟಕ್ಕ, ಆಟದ ಸಾಮಾನಿಗೆ, ಸಂಗೀತದ ವಾದ್ಯಕ್ಕ ಸುದ್ದಾ ಬ್ಯಾರೆ ರೊಕ್ಕ ತಗೋಳಾಕ ಡಿಜಿಸಿಎ ಪರವಾನಗಿ ಐತಿ. (ತಂಬೂರಿ ಒಯ್ಯಾವ್ರು ಮೊದ್ಲ ಕೇಳಿ ಟಿಕೆಟ್ ತಗಸ್ರಿ, ಧಾರವಾಡದಾವ್ರು ಒಬ್ಬರು ಈ ವಿಷಯಕ್ಕ ನನ್ನ ಕೂಡ ಅರ್ಧ ತಾಸು ವಾದ ಮಾಡ್ಯಾರ.) ಆದ್ರ ಅದ ಸುತ್ತೋಲ್ಯಾಗ ಇನ್ನೊಂದ ಮಾತೈತಿ, ಅದನ್ನ ಯಾರೂ ಓದಂಗಿಲ್ಲ: ಈ ಬಿಡಿ ಸೇವೆ ಗಿರಾಕಿ ತಾನ ಬೇಕಂತ ಆರಿಸಿದ್ರಷ್ಟ ಕೊಡಬೇಕು, ತಾವ ಮೊದ್ಲ ಟಿಕ್ ಹಾಕಿ ಇಟ್ಟು ಬ್ಯಾಡಾದ್ರ ತಗೀರಿ ಅನ್ನಂಗಿಲ್ಲ. ಅದಕ್ಕ ರೊಕ್ಕ ಕಟ್ಟೋ ಮೊದ್ಲ ಒಟ್ಟ ಮೊತ್ತ ಬಿಡಿಸಿ ನೋಡ್ರಿ, ನೀವ ಹೇಳ್ಲಾರದ ಸೀಟಿನ ರೊಕ್ಕ, ಇನ್ಶೂರೆನ್ಸ್ ಅದರಾಗ ಹೊಕ್ಕಿದ್ರ ತಗದ ಒಗೀರಿ. ಹಂಗ ಕೌಂಟರ್‌ನ್ಯಾಗ ಬೋರ್ಡಿಂಗ್ ಪಾಸ್ ಕೊಡಾಕಂತ ಬ್ಯಾರೆ ರೊಕ್ಕ ಕೇಳಬಾರದು ಅಂತ 2022ರ ಜುಲೈನ್ಯಾಗ ವಿಮಾನಯಾನ ಸಚಿವಾಲಯ ಏರ್‌ಲೈನ್‌ಗಳಿಗೆ ಹೇಳೈತಿ. ಫೋನ್‌ನ್ಯಾಗ ಇದೆಲ್ಲಾ ತಿಳಿಯಂಗಿಲ್ಲ ಅನ್ನೋ ಹಿರೇರು ಆರಾಮ ಬೆಳಗಾವಿ ಸಾಂಬ್ರಾ ವಿಮಾನ ನಿಲ್ದಾಣಕ್ಕ ಹೋಗಿ ಕೌಂಟರ್‌ನ್ಯಾಗ ಪಾಸ್ ತಗೋಬಹುದು, ಒಂದ ತಾಸ ಮೊದ್ಲ ಕೌಂಟರ್ ಮುಚ್ಚತಾರ ಅನ್ನೋದೊಂದ ನೆಪ್ಪಿರಲಿ.

ಇನ್ನ ಮಕ್ಕಳ ಮಾತು. 2024ರ ಏಪ್ರಿಲ್‌ನ್ಯಾಗ ಡಿಜಿಸಿಎ ಹೇಳಿದ್ದು ಇದು: 12 ವರ್ಷದ ತನಕದ ಮಕ್ಕಳಿಗೆ ಅದ ಪಿಎನ್ಆರ್‌ನ್ಯಾಗ ಹೊಂಟ ತಂದಿ ತಾಯಿ ಅಥವಾ ಪಾಲಕರೊಳಗ ಕಮ್ಮೀತಕಮ್ಮಿ ಒಬ್ಬರ ಕೂಡ ಸೀಟ ಕೊಡಬೇಕು, ಕೊಟ್ಟದ್ದಕ್ಕ ದಾಖಲೆ ಇಡಬೇಕು. ಒಬ್ಬರ ಕೂಡ ಅಂದ್ರ ಒಬ್ಬರ ಕೂಡ. ಅವ್ವನ ಬಾಜೂಕ ಮಗು ಬಂದ್ರ ನಿಯಮ ಮುಗೀತು, ಅಪ್ಪ ಹಿಂದ ಎಲ್ಲರೆ ನಡುವಿನ ಸೀಟಿನ್ಯಾಗ ಕುಂತ್ರ ಅದು ಈ ನಿಯಮದಾಗ ಬರಂಗಿಲ್ಲ. 12 ದಾಟಿದ ಮಗಳಿಗೂ ಈ ನಿಯಮ ಇಲ್ಲ, 75 ವರ್ಷದ ಅಜ್ಜಿಗೂ ಇಲ್ಲ. ನೋಡ್ರಿ, ಪಿಎನ್ಆರ್‌ಗೆ ಖರೇ ಕಿಮ್ಮತ್ತು ಇರೋದು ಇಲ್ಲಿ, ಇಲ್ಲೇ ನಮ್ಮ ಮಂದಿ ಅದನ್ನ ಕಳಕೊಂತಾರ.

ಹೆಂಗಂದ್ರ, ಒಮ್ಮೆಲೆ ನಾಕ ಟಿಕೆಟ್ ಹುಡುಕಿದ್ರ ದರ ಜಾಸ್ತಿ ಕಾಣ್ತೈತಿ, ಎರಡೆರಡು ಹುಡುಕಿದ್ರ ಮೊದಲಿನ ಎರಡು ಅಗ್ಗ ಸಿಗ್ತಾವ. ಇದು ಖರೆ. ಒಂದ ವಿಮಾನದಾಗ ಸೀಟು ಬ್ಯಾರೆ ಬ್ಯಾರೆ ದರದ ಗುಂಪಿನ್ಯಾಗ ಹಂಚಿರ್ತಾರ, ಅಗ್ಗದ ಗುಂಪಿನ್ಯಾಗ ಎರಡ ಸೀಟ ಉಳದಿದ್ದು ನೀವ ನಾಕ ಕೇಳಿದ್ರ ನಾಕಕ್ಕೂ ಮ್ಯಾಲಿನ ಗುಂಪಿನ ದರ ಹಚ್ಚತೈತಿ ಕಂಪ್ಯೂಟರ್. ಅದಕ್ಕ ಶಾಣ್ಯಾರು ಎರಡ ಸಲ ಬುಕ್ ಮಾಡ್ತಾರ. ಮಾಡ್ರಿ, ಯಾರ ಬ್ಯಾಡಂದ್ರು, ಆದ್ರ ಗಂಡಸರು ಒಂದರಾಗ ಮಕ್ಕಳು ಒಂದರಾಗ ಅಂತ ಮಾಡಿ ಆಮ್ಯಾಲ ಕೂಸು ಬ್ಯಾರೆ ಕಡೆ ಬಂತು ಅಂತ ನನಗ ಫೋನ್ ಹಚ್ಚಬ್ಯಾಡ್ರಿ. ಮಗು ಯಾವ ಪಿಎನ್ಆರ್‌ನ್ಯಾಗ ಐತೋ ಅದರಾಗ ಒಬ್ಬ ದೊಡ್ಡವ್ರು ಇರಬೇಕು.

ಪುಕ್ಕಟ ಸೀಟ ಬಾಜೂಬಾಜೂಕ ಬರಬೇಕಂದ್ರ ಮಾಡೋದು ಒಂದ, ವೆಬ್ ಚೆಕ್-ಇನ್ ತಗದ ಕೂಡ್ಲೆ ಮಾಡ್ರಿ. ಭಾಳಷ್ಟು ಏರ್‌ಲೈನ್ 48 ತಾಸ ಮೊದ್ಲ ತಗೀತಾವ. ನೀವ ಬಾಗಲಕೋಟಿ ಬಿಟ್ಟು, ಲೋಕಾಪುರದಾಗ ಚಾ ಕುಡದು, ಸಾಂಬ್ರಾ ಗೇಟಿಗೆ ಬಂದು ಫೋನ್ ತಗದ್ರ ಅಷ್ಟೊತ್ತಿಗೆ ಉಳದದ್ದು ಮಂದಿ ಬಿಟ್ಟ ನಡುವಿನ ಸೀಟು, ಒಂದೊಂದ ಸಾಲಿನ್ಯಾಗ ಒಂದೊಂದು. ಕಂಪ್ಯೂಟರ್‌ಗೆ ನಿಮ್ಮ ಮ್ಯಾಲ ಸಿಟ್ಟಿಲ್ಲ, ಕೊಡಾಕ ಅದರ ಕಡೆ ಬ್ಯಾರೆ ಇಲ್ಲ. ವಯಸ್ಸಾದ ತಾಯಿನ್ನ ಕರಕೊಂಡ ಹೊಂಟ್ರ ನಾ ಹೇಳೋದು, ಇಬ್ಬರದ ಅಷ್ಟ ರೊಕ್ಕ ಕೊಟ್ಟು ಎರಡ ಸೀಟ ತಗೋರಿ, ಹರೇದ ಹುಡುಗುರು ಎಲ್ಲರೆ ಕುಂಡ್ರಲಿ. ಒಂದ ತಾಸಿನ ಹಾದಿ, ಅಷ್ಟರಾಗ ಯಾರೂ ಅಗಲಿ ಹೋಗಂಗಿಲ್ಲ.

ರೊಕ್ಕಾನೂ ಕೊಡಂಗಿಲ್ಲ, ಚೆಕ್-ಇನ್ನೂ ಲಗೂ ಮಾಡಂಗಿಲ್ಲ, ಒಳಗ ಹೋಗಿ ಹೊಂದಿಸ್ಕೊಂತೇವಿ ಅನ್ನಾವ್ರಿಂದನ ಜಗಳ ಹುಟ್ಟೋದು. ಕಣ್ಣಾರೆ ಕಂಡದ್ದೊಂದು ಹೇಳ್ತೇನಿ. ಬನಹಟ್ಟಿ ಕಡೆ ಹಿರೇರೊಬ್ಬರು, ಬಿಳೇ ಧೋತರ, ತಲೀಗೆ ಟೊಪಗಿ, ಕಿಡಕಿ ಸೀಟಿನ್ಯಾಗ ಕುಂತು ಬೆಲ್ಟ್ ಸುದ್ದಾ ಹಾಕ್ಕೊಂಡ ಬಿಟ್ಟಿದ್ರು. ಕಾಲೇಜ ಹುಡುಗಿ ಒಬ್ಬಾಕಿ ಪಾಸ್ ಹಿಡಕೊಂಡ ಬಂದ್ಲು.

"ಅಜ್ಜಾರ, ಇದು ನನ್ನ ಸೀಟ್ರಿ."

"ಹಿಂದ ನಂದೊಂದ ಐತಿ ನೋಡವಾ, ಹೋಗಿ ಕುಂಡ್ರು. ಅದೂ ಸೀಟ ಅಲ್ಲೇನು?"

"ನಾ ಕಿಡಕಿ ಬೇಕಂತ ರೊಕ್ಕ ಕೊಟ್ಟೇನ್ರಿ."

"ಎಷ್ಟ ಕೊಟ್ಟಿ ಹೇಳು, ನಾ ಕೊಡ್ತೇನಿ" ಅಂತ ಅಂಗಿ ಒಳಗಿನ ಕಿಸೇದಾಗ ಕೈ ಹಾಕಿದ್ರು. ನಡುವಿನ ದಾರ್‍ಯಾಗ ಮಂದಿ ಬ್ಯಾಗ್ ಹೊತಗೊಂಡ ನಿಂತೈತಿ, ಏರ್ ಹೋಸ್ಟೆಸ್ ಹಿಂದಿ ಇಂಗ್ಲಿಷ್ ಎರಡರಾಗೂ ತಿಳಿಸಿ ಹೇಳಾಕತ್ತಾಳ, ಅಜ್ಜಾರು ಆಕಿ ಕಡೆ ನೋಡವಲ್ರು. ಕಡೀಕ ಹಿಂದಿನ ಸಾಲಿನಿಂದ ಅವರ ಮನಿಯಾವ್ರು "ಏನ್ರೀ, ಮಂದಿ ನೋಡಾಕತ್ತಾರ, ಎದ್ದ ಬರ್ರಿ ಈ ಕಡೆ" ಅಂತ ಒಂದ ದನಿ ಹಾಕಿದ್ರು ನೋಡ್ರಿ, ಬೆಲ್ಟ್ ಬಿಚ್ಚಿ ಎದ್ರು.

ಅಜ್ಜಾರು ಕೆಟ್ಟಾವ್ರಲ್ಲ, ಹುಡುಗೀದೂ ತಪ್ಪಿಲ್ಲ. ಯಾರ ಪಾಸಿನ ಮ್ಯಾಲ ಆ ಸೀಟ ನಂಬರ್ ಐತೋ ಸೀಟು ಅವ್ರದ್ದು, ಬಿಟ್ಟುಕೊಡಂಗಿಲ್ಲ ಅಂದ್ರ ಅವ್ರನ್ನ ಬೈಯಂಗಿಲ್ಲ. ಕೇಳೋದಿದ್ರ ಮೊದ್ಲ ಅವ್ರ ಸೀಟಿನ್ಯಾಗ ಕುಂತು ಆಮ್ಯಾಲ ಕೇಳಬ್ಯಾಡ್ರಿ, ನಿಂತು ಕೇಳ್ರಿ. ಕಿಡಕಿಗೆ ಕಿಡಕಿ ಕೊಡ್ರಿ, ದಾರಿ ಬಾಜೂದಕ್ಕ ದಾರಿ ಬಾಜೂದು. ನಿಮ್ಮ ಹಿಂದಿನ ನಡುವಿನ ಸೀಟ ಕೊಟ್ಟು ಅವ್ರ ಮುಂದಿನ ಕಿಡಕಿ ಕೇಳಿದ್ರ ಯಾರ ಕೊಡ್ತಾರ? ದನಿ ಏರಿಸಿದ್ರ ಅದಕ್ಕೂ ನಿಯಮ ಐತಿ. ಅಸಭ್ಯ ಪ್ರಯಾಣಿಕರ ಬಗ್ಗೆ 2017ರಾಗ ಬಂದ ನಿಯಮದ ಪ್ರಕಾರ ಬಾಯಿಲೆ ದಾಂಧಲೆ ಮಾಡಿದ್ರ 3 ತಿಂಗಳ ತನಕ, ಕೈ ಮಾಡಿದ್ರ 6 ತಿಂಗಳ ತನಕ, ಜೀವಕ್ಕ ಅಪಾಯ ತಂದ್ರ ಕಮ್ಮೀತಕಮ್ಮಿ 2 ವರ್ಷ ವಿಮಾನ ಹತ್ತದಂಗ ಮಾಡ್ತಾರ. ಎಮರ್ಜೆನ್ಸಿ ಬಾಗಿಲ ಸಾಲು ಕಾಲ ಚಾಚಾಕ ಚೊಲೋ ಅಂತ ಅಲ್ಲಿ ಅಜ್ಜಿನ್ನ ಮಗೂನ್ನ ಕುಂಡ್ರಸಾಕೂ ಹೋಗಬ್ಯಾಡ್ರಿ, ಆ ಬಾಗಿಲ ತಗಿಯೋ ತಾಕತ್ತು ಇದ್ದಾವ್ರಿಗಷ್ಟ ಅಲ್ಲಿ ಜಾಗ.

ಇಲ್ಲಿತನಕ ಬಂದೇವಿ ಅಂದಮ್ಯಾಲ ಯಾರೂ ಕೇಳ್ಲಾರದ ಇನ್ನೊಂದನ್ನೂ ಹೇಳಿ ಬಿಡ್ತೇನಿ. ಬಾಗಿಲ ಹಾಕಿದಮ್ಯಾಲ ಸೀಟು ಖಾಲಿ ಉಳದ್ರೂ ನಮ್ಮನ್ನ ಅತ್ತಿತ್ತ ಕುಂಡ್ರಗೊಡಂಗಿಲ್ಲ, ಯಾಕ? ದೊಡ್ಡ ವಿಮಾನದಾಗ ಒಬ್ಬಿಬ್ಬರು ಸರದ್ರ ಅಷ್ಟೇನ ಆಗಂಗಿಲ್ಲ, ಆದ್ರೂ ಕೇಳೇ ಸರೀಬೇಕು. ಸಣ್ಣ ವಿಮಾನದಾಗ ಆಗ್ತೈತಿ. ಚಕ್ಕಡಿ ಹೇರೋದ ನೋಡೀರಲ್ಲ, ಹಿಂದ ಭಾರ ಆದ್ರ ನೊಗ ಮ್ಯಾಲ ಏಳತೈತಿ, ಮುಂದ ಭಾರ ಆದ್ರ ಎತ್ತಿನ ಹೆಗಲಿಗೆ ಬೀಳತೈತಿ. ವಿಮಾನದ ಲೆಕ್ಕಾನೂ ಅದ. ಮಂದಿ ಎಷ್ಟ, ಯಾವ ಸಾಲಿನ್ಯಾಗ, ಸಾಮಾನ ಎಲ್ಲಿ, ಎಣ್ಣಿ ಎಷ್ಟ, ಎಲ್ಲಾ ಕೂಡಿಸಿ ಭಾರದ ನಡು ಎಲ್ಲಿ ಬೀಳತೈತಿ ಅಂತ ಹೊರಡೋ ಮೊದ್ಲ ಲೆಕ್ಕ ಹಾಕಿ ಪೈಲಟ್ ಕೈಯಾಗ ಕೊಟ್ಟಿರ್ತಾರ. ಮಂದಿ ಕಮ್ಮಿ ಇದ್ದ ದಿನ "ಸರ್ ನೀವು ಹಿಂದ ಹೋಗ್ರಿ" ಅಂತ ಏರ್ ಹೋಸ್ಟೆಸ್ ಎಬ್ಬಿಸಿ ಕಳಸೋದು ಇದಕ್ಕ. ಎಟಿಆರ್ ಅನ್ನೋ ಸಣ್ಣ ವಿಮಾನ ನಿಂತಾಗ ಬಾಲದ ಕೆಳಗ ಒಂದ ಊರಗೋಲ ನಿಂದರಿಸಿರ್ತಾರ, ಹಿಂದಿನ ಬಾಗಿಲದಾಗ ಮಂದಿ ಗುಂಪಾದ್ರ ಬಾಲ ನೆಲಕ್ಕ ಕುಂಡ್ರಬಾರದಂತ. ಹತ್ತೋ ಮುಂದ ಜರಾ ಬಗ್ಗಿ ನೋಡ್ರಿ, ಕಾಣ್ತೈತಿ.

ಆ ಹಿಂದಿನ ಬಾಗಿಲ ಮಾತ ಬಂತಲ್ಲ, ಅದನ್ನೂ ತಿಳಕೋರಿ. ಎಟಿಆರ್ 72ರಾಗ ನಾವು ಹತ್ತಿ ಇಳಿಯೋ ಬಾಗಿಲ ಹಿಂದ ಐತಿ, ಮುಂದಿಂದು ಸಾಮಾನಿನ ಬಾಗಿಲ. ಲಗೂ ಇಳೀಬೇಕಂತ ರೊಕ್ಕ ಕೊಟ್ಟು ಮುಂದಿನ ಸಾಲು ತಗೊಂಡಾವ್ರು ಎಲ್ಲಾರಕಿಂತ ಕಡೀಕ ಇಳಿತಾರ, ಪುಕ್ಕಟ ಹಿಂದಿನ ಸೀಟ ಬಂದಾವ್ರು ಅಷ್ಟೊತ್ತಿಗೆ ಕೆಳಗ ನಿಂತು ಫೋನ್ ಹಚ್ಚಿರ್ತಾರ. ಅದರಾಗ ಎರಡ ಎರಡ ಸೀಟು, ನಡುವಿನ ಸೀಟ ಅನ್ನೋದ ಇಲ್ಲ. ಎಂಬ್ರಾಯರ್ 145 ಇದ್ರ ಎಡಕ್ಕ ಒಂದು ಬಲಕ್ಕ ಎರಡು, ಅಲ್ಲಿ ಮೂವರು ಬಾಜೂಬಾಜೂಕ ಕುಂಡ್ರತೇವಿ ಅಂದ್ರ ಎಷ್ಟ ರೊಕ್ಕ ಕೊಟ್ಟರೂ ಆಗಂಗಿಲ್ಲ. ಏರ್‌ಬಸ್ 320 ಬಂದ್ರ ಮೂರ ಮೂರು, ನಿಮ್ಮ ನಾಕ ಮಂದ್ಯಾಗ ಒಬ್ಬರರೆ ದಾರಿ ಆಚೆಗೋ ಬ್ಯಾರೆ ಸಾಲಿಗೋ ಹೋಗಲೇಬೇಕು. ಬುಕ್ ಮಾಡೋ ಮುಂದ ವಿಮಾನದ ಮಾದರಿ ಅಲ್ಲೇ ಬರದಿರ್ತಾರ, ಅದನ್ನ ನೋಡಿ ಆಮ್ಯಾಲ ಸೀಟಿನ ಚೌಕದ ಮ್ಯಾಲ ಬೆರಳ ಇಡ್ರಿ.