ಗ್ರ್ಯಾಂಡ್ ನ್ಯಾಷನಲ್: ದಾಖಲೆ ಓದುವಾಗ ತೂಕವನ್ನೂ ನೋಡಿ

ಬೆಂಗಳೂರು, ಮೈಸೂರಿನ ರೇಸ್ ಕೋರ್ಸ್‌ಗಳಲ್ಲಿ ನಡೆಯುವುದು ಸಮತಟ್ಟಾದ ಟ್ರ್ಯಾಕಿನ ಓಟ. ಅಲ್ಲಿ ಕುದುರೆಗೆ ಬೇಲಿಯೂ ಇಲ್ಲ, ಹಳ್ಳವೂ ಇಲ್ಲ. ಸ್ಟೀಪಲ್‌ಚೇಸ್ ಹಾಗಲ್ಲ, ಅದು ನೆಗೆತದ ಓಟ. 1752ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಇಬ್ಬರು ಪಂದ್ಯ ಕಟ್ಟಿ, ಬಟಿವಂಟ್ ಊರಿನ ಚರ್ಚ್‌ನಿಂದ ಡೊನರೇಲ್ ಊರಿನ ಚರ್ಚ್‌ವರೆಗೆ, ದೂರದಲ್ಲಿ ಕಾಣುವ ಗೋಪುರವನ್ನೇ ಗುರಿಯಾಗಿಟ್ಟುಕೊಂಡು, ನಡುವೆ ಸಿಕ್ಕ ಕಲ್ಲುಗೋಡೆ, ತೋಡುಗಳನ್ನೆಲ್ಲ ಹಾರಿಸಿಕೊಂಡು ಕುದುರೆ ಓಡಿಸಿದರೆಂಬುದು ಇದರ ಹುಟ್ಟಿನ ಕತೆ. ಈ ಬಗೆಯ ಓಟಗಳಲ್ಲಿ ಜಗತ್ತಿಗೆಲ್ಲ ಗೊತ್ತಿರುವುದು ಇಂಗ್ಲೆಂಡಿನ ಲಿವರ್‌ಪೂಲ್ ಪಕ್ಕದ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್.

ಏಂಟ್ರಿಯಲ್ಲಿ ರೇಸ್ ಶುರುಮಾಡಿದವನು ವಿಲಿಯಂ ಲಿನ್, 1829ರಲ್ಲಿ. 1836ರಿಂದಲೇ ಅಲ್ಲಿ ನೆಗೆತದ ಓಟ ನಡೆದಿತ್ತೆಂದು ವಾದಿಸುವವರಿದ್ದಾರೆ. ಆದರೆ ಅಧಿಕೃತ ಲೆಕ್ಕ ಶುರುವಾಗುವುದು 1839ರಿಂದ. ಆ ವರ್ಷ ಗೆದ್ದ ಕುದುರೆ ಲಾಟರಿ, ಸವಾರ ಜೆಮ್ ಮೇಸನ್. ಅದೇ ಓಟದಲ್ಲಿ ಕ್ಯಾಪ್ಟನ್ ಮಾರ್ಟಿನ್ ಬೀಚರ್ ಹಳ್ಳಕ್ಕೆ ಬಿದ್ದ. ಗೆದ್ದವರಿಗಿಂತ ಬಿದ್ದವನ ಹೆಸರೇ ಹೆಚ್ಚು ಉಳಿಯಿತು: ಆ ಜಾಗಕ್ಕೆ ಇವತ್ತಿಗೂ ಬೀಚರ್ಸ್ ಬ್ರೂಕ್ ಎನ್ನುತ್ತಾರೆ.

ಕೋರ್ಸಿನಲ್ಲಿ 16 ಬೇಲಿಗಳಿವೆ. ಕುದುರೆಗಳು ಎರಡು ಸುತ್ತು ಓಡುತ್ತವೆ. ಚೇರ್ ಮತ್ತು ವಾಟರ್ ಜಂಪ್ ಎಂಬ ಎರಡನ್ನು ಮೊದಲ ಸುತ್ತಿನಲ್ಲಿ ಮಾತ್ರ ಹಾರಬೇಕಾದ್ದರಿಂದ ಒಟ್ಟು 30 ನೆಗೆತ. ಎಲ್ಲಕ್ಕಿಂತ ಎತ್ತರದ ಬೇಲಿ ಚೇರ್. ಬೀಚರ್ಸ್ ಬ್ರೂಕಿನ ಕಷ್ಟ ಎತ್ತರದ್ದಲ್ಲ. ಹಾರುವ ಬದಿಗಿಂತ ಇಳಿಯುವ ಬದಿಯ ನೆಲ ತಗ್ಗಿನಲ್ಲಿದೆ. ನೆಲ ಸಿಕ್ಕಿತು ಎಂದುಕೊಂಡ ಕುದುರೆಗೆ ಅದು ಇನ್ನಷ್ಟು ಕೆಳಗೆ ಸಿಗುತ್ತದೆ, ಮುಂಗಾಲು ಮುಗ್ಗರಿಸುತ್ತದೆ. ಕೆನಾಲ್ ಟರ್ನ್‌ನಲ್ಲಿ ಬೇಲಿ ಹಾರಿದ ಕೂಡಲೇ ಎಡಕ್ಕೆ 90 ಡಿಗ್ರಿ ತಿರುಗಬೇಕು. ಕೊನೆಯ ಬೇಲಿ ದಾಟಿದರೂ ಗುರಿಗೆ ಇನ್ನೂ 494 ಗಜ ಬಾಕಿ. ಎಷ್ಟೋ ಓಟಗಳ ಫಲಿತಾಂಶ ಬದಲಾಗಿರುವುದು ಈ 494 ಗಜಗಳಲ್ಲೇ.

ಇನ್ನು ತೂಕದ ವಿಷಯ. ನನ್ನ ಮಟ್ಟಿಗೆ ಇಡೀ ಪಾಠದ ಬೀಗದ ಕೈ ಇದೇ. 1843ರಿಂದ ಇದು ಹ್ಯಾಂಡಿಕ್ಯಾಪ್ ಓಟ: ಬಲವಾದ ಕುದುರೆಗೆ ಹೆಚ್ಚು ತೂಕ (ಸವಾರ, ಜೀನು ಎಲ್ಲ ಸೇರಿ), ದುರ್ಬಲ ಕುದುರೆಗೆ ಕಡಿಮೆ. ಹಾಗಾಗಿ ಯಾವ ಕುದುರೆ ಮೊದಲು ಬಂತು ಎನ್ನುವುದರ ಜೊತೆಗೆ ಎಷ್ಟು ತೂಕ ಹೊತ್ತು ಬಂತು ಎನ್ನುವುದನ್ನೂ ನೋಡದಿದ್ದರೆ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ.

1973ರ ಓಟವನ್ನೇ ತೆಗೆದುಕೊಳ್ಳಿ. ಆಸ್ಟ್ರೇಲಿಯಾದಿಂದ ಬಂದಿದ್ದ ಕ್ರಿಸ್ಪ್ ಹೊತ್ತದ್ದು 12 ಸ್ಟೋನ್, ಅಂದರೆ ಸುಮಾರು 76 ಕಿಲೋ. ರೆಡ್ ರಮ್ ಹೊತ್ತದ್ದು 10 ಸ್ಟೋನ್ 5 ಪೌಂಡ್, ಸುಮಾರು 66 ಕಿಲೋ. ರಿಚರ್ಡ್ ಪಿಟ್ಮನ್ ಸವಾರಿಯಲ್ಲಿ ಕ್ರಿಸ್ಪ್ ಒಂದು ಹಂತದಲ್ಲಿ ಇಪ್ಪತ್ತು ಲೆಂಗ್ತ್‌ನಷ್ಟು (ಲೆಂಗ್ತ್ ಎಂದರೆ ಒಂದು ಕುದುರೆಯ ಉದ್ದ) ಮುಂದಿತ್ತು. ಹಿಂದೆ ಬೆನ್ನಟ್ಟುವ ಸ್ಥಿತಿಯಲ್ಲಿದ್ದದ್ದು ಬ್ರಯಾನ್ ಫ್ಲೆಚರ್ ಏರಿದ್ದ ರೆಡ್ ರಮ್ ಒಂದೇ. ಕೊನೆಯ ಬೇಲಿ ದಾಟಿದ ಮೇಲೆ ಕ್ರಿಸ್ಪ್‌ನ ಕಾಲು ಸೋತವು. ಪಿಟ್ಮನ್ ಚಾವಟಿ ಎತ್ತಿದಾಗ ಕುದುರೆ ಎಡಕ್ಕೆ ವಾಲಿ ದಾರಿ ಬಿಟ್ಟಿತು. ಗುರಿ ಕೆಲವೇ ಹೆಜ್ಜೆ ಇರುವಾಗ ರೆಡ್ ರಮ್ ಮುಂದೆ ಹೋಗಿ ಮುಕ್ಕಾಲು ಲೆಂಗ್ತ್‌ನಿಂದ ಗೆದ್ದಿತು. ಸಮಯ 9 ನಿಮಿಷ 1.9 ಸೆಕೆಂಡ್. 1930ರ ದಶಕದಿಂದ ಉಳಿದಿದ್ದ ಹಳೆಯ ದಾಖಲೆ ಇದಕ್ಕಿಂತ ಸುಮಾರು 18 ಸೆಕೆಂಡ್ ನಿಧಾನ. ಅಂದರೆ ಹತ್ತು ಕಿಲೋ ಹೆಚ್ಚು ಹೊತ್ತು ಸೋತ ಕ್ರಿಸ್ಪ್ ಕೂಡ ಹಳೆಯ ದಾಖಲೆಯನ್ನು ಮುರಿದಿತ್ತು! ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಇರುವುದು ‘ಎರಡನೇ ಸ್ಥಾನ’ ಮಾತ್ರ. ಈ ಓಟದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸೋಲು ನನಗೆ ಕಾಣುವುದಿಲ್ಲ.

ಇದನ್ನು ಕೇಳಿ ರೆಡ್ ರಮ್ ತೂಕದ ಲಾಭದಿಂದ ಗೆದ್ದ ಕುದುರೆ ಎಂದುಕೊಂಡರೆ ಅನ್ಯಾಯ. ಮರುವರ್ಷ ಅದೂ 12 ಸ್ಟೋನ್ ಹೊತ್ತೇ ಗೆದ್ದಿತು. 1975, 1976ರಲ್ಲಿ ಎರಡನೇ ಸ್ಥಾನ, 1977ರಲ್ಲಿ ಟಾಮಿ ಸ್ಟ್ಯಾಕ್ ಸವಾರಿಯಲ್ಲಿ ಮೂರನೇ ಗೆಲುವು. ಮೂರು ಸಲ ಗೆದ್ದ ಕುದುರೆ ಇದೊಂದೇ. ಗೊರಸಿನ ಮೂಳೆಯ ಕಾಯಿಲೆ ಇದ್ದ ಇದನ್ನು ಟ್ರೇನರ್ ಜಿಂಜರ್ ಮೆಕೇನ್ ಸೌತ್‌ಪೋರ್ಟ್‌ನ ಕಡಲತೀರದ ಮರಳಿನಲ್ಲಿ ಓಡಿಸಿ ಪಳಗಿಸಿದ. 1995ರಲ್ಲಿ ಸತ್ತಾಗ ಏಂಟ್ರಿಯ ಗುರಿಕಂಬದ ಬಳಿಯೇ ಮಣ್ಣು ಮಾಡಿದರು. ಆಮೇಲೆ ಸತತ ಎರಡು ವರ್ಷ ಗೆದ್ದದ್ದು ಟೈಗರ್ ರೋಲ್, 2018 ಮತ್ತು 2019ರಲ್ಲಿ.

ಸಮಯದ ದಾಖಲೆ 1990ರ ಮಿಸ್ಟರ್ ಫ್ರಿಸ್ಕ್‌ನದು: 8 ನಿಮಿಷ 47.8 ಸೆಕೆಂಡ್, ಗಟ್ಟಿ ನೆಲದ ಮೇಲೆ. ಈಚಿನ ವರ್ಷಗಳ ಸಮಯವನ್ನು ಇದರ ಪಕ್ಕ ಇಟ್ಟು ತೂಗಬೇಡಿ. ಆಗ ದೂರವನ್ನು ನಾಲ್ಕೂವರೆ ಮೈಲಿಯ ಆಸುಪಾಸು ಎಂದು ಬರೆಯುತ್ತಿದ್ದರು. 2013ರಲ್ಲಿ ಓಟ ಶುರುವಾಗುವ ಗೆರೆಯನ್ನು ಮುಂದಕ್ಕೆ ತಂದರು, ಆಮೇಲೆ ಹೊಸದಾಗಿ ಅಳೆದರು. ಈಗಿನ ಲೆಕ್ಕ ಸುಮಾರು 6.9 ಕಿಲೋಮೀಟರ್.

ಬಾಜಿಯಲ್ಲಿ ಒಂದಕ್ಕೆ ನೂರರ ದರದಲ್ಲಿದ್ದ, ಅಂದರೆ ಗೆಲ್ಲುವ ನಿರೀಕ್ಷೆಯೇ ಇಲ್ಲದ ಕುದುರೆಗಳು ಗೆದ್ದದ್ದೂ ಇದೆ. 1928ರಲ್ಲಿ 42 ಕುದುರೆ ಓಡಿ, ಗುರಿ ಮುಟ್ಟಿದ್ದು ಎರಡೇ. ಬೀಳದೆ ಬಂದದ್ದು ಟಿಪರರಿ ಟಿಮ್ ಮಾತ್ರ. ಎರಡನೆಯದರ ಸವಾರ ಬಿದ್ದು ಮತ್ತೆ ಹತ್ತಿ ಬಂದವನು. 1967ರಲ್ಲಿ 23ನೇ ಬೇಲಿಯ ಮುಂದೆ, ಸವಾರನಿಲ್ಲದ ಕುದುರೆಯೊಂದು ಅಡ್ಡ ತಿರುಗಿತು. ಹಿಂದಿದ್ದವೆಲ್ಲ ಒಂದರ ಮೇಲೊಂದು ಗುದ್ದಿಕೊಂಡವು. ಬಹಳ ಹಿಂದಿದ್ದ ಫಾಯ್ನವನ್‌ಗೆ ಸಂದಿ ಕಾಣುವಷ್ಟು ಹೊತ್ತು ಸಿಕ್ಕಿತು. ಜಾಕಿ ಜಾನ್ ಬಕಿಂಗ್‌ಹ್ಯಾಮ್ ಅದರಲ್ಲೇ ನುಗ್ಗಿಸಿ ಗೆದ್ದ. ಟ್ರೇನರ್ ಅಂದು ಏಂಟ್ರಿಗೆ ಬಂದೇ ಇರಲಿಲ್ಲ. ಕೋರ್ಸಿನ ಅತಿ ಗಿಡ್ಡ ಬೇಲಿಗಳಲ್ಲೊಂದಾದ ಅದಕ್ಕೆ ಈಗ ಫಾಯ್ನವನ್ ಎಂದೇ ಹೆಸರು.

ಕುದುರೆಗಳ ಸಾವು ಈ ಓಟದ ಮೇಲಿರುವ ದೊಡ್ಡ ಆಕ್ಷೇಪ, ಅದು ನ್ಯಾಯವಾದದ್ದೇ. 1989ರ ಸಾವುಗಳ ನಂತರ ಬೀಚರ್ಸ್ ಬ್ರೂಕಿನ ತಗ್ಗನ್ನು ಕಡಿಮೆ ಮಾಡಿದರು. 2013ರಲ್ಲಿ ಬೇಲಿಗಳ ಒಳಗಿನ ಮರದ ಚೌಕಟ್ಟು ಹೋಗಿ ಬಾಗುವ ಪ್ಲಾಸ್ಟಿಕ್ ಬಂತು. 2024ರಿಂದ ಗರಿಷ್ಠ 34 ಕುದುರೆಗಳಿಗಷ್ಟೇ ಅವಕಾಶ. 1929ರಲ್ಲಿ ಓಡಿದ್ದು 66.

ಹೆಂಗಸರಲ್ಲಿ ಮೊದಲು ಸವಾರಿ ಮಾಡಿದವಳು ಷಾರ್ಲೆಟ್ ಬ್ರೂ, 1977ರಲ್ಲಿ. ಗೆದ್ದ ಮೊದಲ ಟ್ರೇನರ್ ಜೆನ್ನಿ ಪಿಟ್ಮನ್, 1983. ಗೆದ್ದ ಮೊದಲ ಜಾಕಿ ರೇಚಲ್ ಬ್ಲ್ಯಾಕ್‌ಮೋರ್, 2021ರಲ್ಲಿ ಮಿನೆಲಾ ಟೈಮ್ಸ್ ಮೇಲೆ.

ವಿಜೇತರ ಪಟ್ಟಿ ಬರೆದುಕೊಳ್ಳುವವರು ಖಾಲಿ ವರ್ಷಗಳನ್ನೂ ಗುರುತು ಹಾಕಿಕೊಳ್ಳಿ. 1941ರಿಂದ 1945ರವರೆಗೆ ಯುದ್ಧದ ಕಾರಣ, 2020ರಲ್ಲಿ ಕೋವಿಡ್ ಕಾರಣ ಓಟವಿಲ್ಲ. 1916ರಿಂದ 1918ರವರೆಗೆ ಬದಲಿ ಓಟ ಗ್ಯಾಟ್‌ವಿಕ್‌ನಲ್ಲಿ ನಡೆದಿತ್ತು. 1993ರಲ್ಲಿ ಈಶಾ ನೆಸ್ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದರೂ ಪಟ್ಟಿಯಲ್ಲಿ ಅದರ ಹೆಸರಿಲ್ಲ: ಆರಂಭ ತಪ್ಪಾಗಿದ್ದರೂ ವಾಪಸು ಕರೆದದ್ದು ಹೆಚ್ಚಿನ ಜಾಕಿಗಳಿಗೆ ತಿಳಿಯದೆ ಓಡಿಬಿಟ್ಟಿದ್ದರು, ಓಟವನ್ನೇ ರದ್ದು ಮಾಡಲಾಯಿತು.